ಕೌಂಟ್ ನಾರ್ಮಲ್ ಆಯ್ತು ಅಂತ ಮಾತ್ರೆ ಬಿಡಬೇಡ

ಶಿವಮೊಗ್ಗ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ರಿಪೋರ್ಟುಗಳನ್ನೆಲ್ಲ ಓದಿದೆ. ಬಿಳಿ ರಕ್ತಕಣ 1,48,000. ಸ್ಪ್ಲೀನ್ (ಗುಲ್ಮ) ಪಕ್ಕೆಲುಬಿನಿಂದ 6 ಸೆಂ.ಮೀ. ಕೆಳಗೆ ಕೈಗೆ ಸಿಗುತ್ತಿದೆ. ಬ್ಲಾಸ್ಟ್, ಅಂದರೆ ಪೂರ್ತಿ ಬೆಳೆಯದ ಎಳೆಯ ರಕ್ತಕಣ, ಶೇ. 2. ಬಿಸಿಆರ್-ಎಬಿಎಲ್ ಪಾಸಿಟಿವ್. ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ, ಎಲ್ಲರೂ ಕರೆಯುವ ಹಾಗೆ ಸಿಎಂಎಲ್, ಅದೂ ಮೊದಲ ಹಂತದ್ದು. ನಿಮ್ಮಮ್ಮ ಫೋನಿನಲ್ಲಿ ‘ಬ್ಲಡ್ ಕ್ಯಾನ್ಸರ್ ಅಂತೆ’ ಅಂದವಳು ಮುಂದೆ ಮಾತಾಡಲಿಲ್ಲ. ಬ್ಲಡ್ ಕ್ಯಾನ್ಸರ್ ಅನ್ನೋದು ಒಂದು ಕಾಯಿಲೆಯ ಹೆಸರಲ್ಲ ಕಣೇ, ಒಂದು ಊರಿನ ಹೆಸರಿದ್ದ ಹಾಗೆ. ಯಾವ ಬೀದಿ, ಯಾವ ಮನೆ ಅಂತ ಗೊತ್ತಾಗದೆ ಅಳುವುದಕ್ಕೂ ಅರ್ಥವಿಲ್ಲ, ಧೈರ್ಯ ಹೇಳುವುದಕ್ಕೂ ಅರ್ಥವಿಲ್ಲ. ನಿನ್ನ ಮನೆ ಯಾವುದು ಅಂತ ಗೊತ್ತಾಗಿದೆ. ಆ ಊರಿನಲ್ಲಿ ಇದಕ್ಕಿಂತ ಚೆನ್ನಾಗಿ ಅರ್ಥವಾಗಿರುವ ಮನೆ ಬಹಳ ಇಲ್ಲ.

ಆದದ್ದು ಇಷ್ಟು. ಮೂಳೆಮಜ್ಜೆಯ ಒಂದೇ ಒಂದು ಕಣದಲ್ಲಿ 9ನೇ ಕ್ರೋಮೋಸೋಮಿನ ತುಂಡೂ 22ನೇದರ ತುಂಡೂ ಅದಲುಬದಲಾಗಿವೆ. 22ನೇದು ಗಿಡ್ಡವಾಗಿ ಕಾಣುತ್ತದೆ. ಅದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್, ಹಂಗರ್‌ಫರ್ಡ್ ಎಂಬಿಬ್ಬರು ಮೊದಲು ಕಂಡರು. ಅದಕ್ಕೇ ನಿನ್ನ ರಿಪೋರ್ಟಿನಲ್ಲಿ ಫಿಲಡೆಲ್ಫಿಯಾ ಕ್ರೋಮೋಸೋಮ್ ಅಂತ ಬರೆದಿರುವುದು. ಅದು ಬರೀ ತುಂಡಾದದ್ದಲ್ಲ, ಅದಲುಬದಲಾದದ್ದು ಎಂದು ಶಿಕಾಗೋದ ಜಾನೆಟ್ ರೌಲಿ 1973ರಲ್ಲಿ ತೋರಿಸಿದರು. ಹೀಗೆ ಕೂಡಿಕೊಂಡ ಬಿಸಿಆರ್-ಎಬಿಎಲ್ ಜೀನ್‌ನಿಂದ ಹುಟ್ಟುವ ಪ್ರೋಟೀನು ವಾಷರ್ ಹೋದ ನಲ್ಲಿಯ ಹಾಗೆ, ನಿಲ್ಲುವುದೇ ಇಲ್ಲ. ಬೆಳೆ, ಒಡೆ, ಬೆಳೆ ಅಂತ ಕಣಕ್ಕೆ ಹೇಳುತ್ತಲೇ ಇರುತ್ತದೆ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಹುಟ್ಟುವ ಮಕ್ಕಳಿಗೆ ಹೋಗುವುದೂ ಅಲ್ಲ. ಅತ್ತೆಮನೆಯಲ್ಲಿ ಯಾರಾದರೂ ‘ನಿಮ್ಮ ಕಡೆ ಯಾರಿಗಾದರೂ ಇತ್ತಾ’ ಅಂತ ಕೇಳಿದರೆ ಇಷ್ಟು ಹೇಳಿ ಸುಮ್ಮನಾಗು.

ಆ ನಲ್ಲಿ ಕಟ್ಟುವ ಮಾತ್ರೆಯೇ ಇಮ್ಯಾಟಿನಿಬ್. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಇಂಟರ್‌ಫೆರಾನ್ ಚುಚ್ಚುಮದ್ದು, ಇಲ್ಲವೇ ಹೊಂದುವ ಒಡಹುಟ್ಟಿದವರು ಸಿಕ್ಕರೆ ಮೂಳೆಮಜ್ಜೆ ಕಸಿ. ಇಮ್ಯಾಟಿನಿಬ್‌ನಿಂದಲೇ ಶುರು ಮಾಡಿದವರನ್ನು ಐರಿಸ್ ಎಂಬ ಅಧ್ಯಯನದಲ್ಲಿ ಹತ್ತು ವರ್ಷಕ್ಕೂ ಮೇಲೆ ಹಿಂಬಾಲಿಸಿ ನೋಡಿದಾಗ ಹತ್ತನೇ ವರ್ಷಕ್ಕೆ ಶೇ. 83 ಮಂದಿ ಬದುಕಿದ್ದರು. ಈ ಲೆಕ್ಕವನ್ನು ನಿಮ್ಮಮ್ಮನಿಗೂ ಹೇಳು.

ಈಗ ನಾನು ಈ ಕಾಗದ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಮಾತ್ರೆ ಶುರುವಾದ ನಾಲ್ಕಾರು ವಾರದಲ್ಲಿ ನಿನ್ನ ಬಿಳಿ ರಕ್ತಕಣದ ಕೌಂಟ್ 7,000ಕ್ಕೋ 8,000ಕ್ಕೋ ಇಳಿಯುತ್ತದೆ. ಹೊಟ್ಟೆಯ ಎಡಭಾಗದ ಭಾರ ಹೋಗುತ್ತದೆ, ಊಟ ಸೇರುತ್ತದೆ. ಆಗ ಮೋಸ ಹೋಗಬೇಡ. ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ನಾರ್ಮಲ್ ಇದ್ದ ದಿನವೇ ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟಿದೆ ಅಂತ ಅಳೆಯುವ ಪಿಸಿಆರ್ ಮಾಡಿಸಿದರೆ ಶೇ. 20 ಬಂದರೂ ಆಶ್ಚರ್ಯವಿಲ್ಲ. ಸಿಬಿಸಿ ನೋಡುವುದು ಅಂಗಳದ ಕಳೆಯನ್ನು, ಪಿಸಿಆರ್ ನೋಡುವುದು ಮಣ್ಣಿನೊಳಗಿನ ಬೇರನ್ನು.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 2010ರಲ್ಲಿ ಪ್ರಕಟಿಸಿದ ಒಂದು ಲೆಕ್ಕವಿದೆ. ವರ್ಷಗಟ್ಟಲೆ ಇಮ್ಯಾಟಿನಿಬ್ ನುಂಗುತ್ತಿದ್ದ 87 ಜನರ ಮಾತ್ರೆ ಬಾಟಲಿಯ ಮುಚ್ಚಳದಲ್ಲಿ ಚಿಪ್ ಇಟ್ಟು, ಮುಚ್ಚಳ ಯಾವಾಗ ತೆಗೆದರು ಅಂತ ಮೂರು ತಿಂಗಳು ದಾಖಲಿಸಿದರು. ಹೇಳಿದ ಡೋಸಿನಲ್ಲಿ ಶೇ. 90ಕ್ಕಿಂತ ಹೆಚ್ಚು ತಗೊಂಡವರಲ್ಲಿ ಆರು ವರ್ಷದೊಳಗೆ ಪಿಸಿಆರ್ ಶೇ. 0.1ಕ್ಕೆ ಇಳಿಯುವ ಸಾಧ್ಯತೆ ಶೇ. 94.5. ಶೇ. 90 ಅಥವಾ ಅದಕ್ಕಿಂತ ಕಡಿಮೆ ತಗೊಂಡವರಲ್ಲಿ ಶೇ. 28.4. ತಿಂಗಳಿಗೆ 30 ಮಾತ್ರೆಯಲ್ಲಿ ಮೂರು ತಪ್ಪಿದರೆ ಶೇ. 90 ಆಯಿತು. ಮೂರೇ ಮೂರು, ಪುಟ್ಟಿ! ಒಂದು ಮದುವೆ, ಒಂದು ಪ್ರಯಾಣ, ಒಂದು ದಿನ ಮರೆವು. ಹೊಸ ಹೊಸ ಔಷಧಿಗಳ ಬಗ್ಗೆ ಎಷ್ಟೇ ಬರಲಿ, ಈ ಕಾಯಿಲೆಯಲ್ಲಿ ನಿನ್ನ ಕೈಲಿರುವ ಅತಿ ದೊಡ್ಡ ಔಷಧಿ ಇದೇ ಲೆಕ್ಕ ಅಂತ ನನ್ನ ಅಭಿಪ್ರಾಯ.

400 ಮಿ.ಗ್ರಾಂ. ದಿನಕ್ಕೊಂದು, ದಿನದ ದೊಡ್ಡ ಊಟದ ಜೊತೆ, ದೊಡ್ಡ ಲೋಟ ತುಂಬ ನೀರಿನೊಂದಿಗೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸಿ ಬರುತ್ತದೆ. ನುಂಗಿದ ಕೂಡಲೇ ಮಲಗಬೇಡ. ಆದ್ದರಿಂದ ರಾತ್ರಿ ತಗೊಳ್ಳುವುದಾದರೆ ಊಟ ಎಂಟಕ್ಕೆ ಮುಗಿಸು. ವಾಂತಿಯಾದರೆ ಅದೇ ಡೋಸ್ ಮತ್ತೆ ಬೇಡ. ಮರೆತದ್ದು ಅದೇ ದಿನ ನೆನಪಾದರೆ ತಗೋ, ಮರುದಿನ ನೆನಪಾದರೆ ಎರಡು ನುಂಗಬೇಡ. ಅಂಗಡಿಯಲ್ಲಿ 100ರ ಸ್ಟ್ರಿಪ್ಪೂ ಸಿಗುತ್ತದೆ, 400ರದ್ದೂ ಸಿಗುತ್ತದೆ. ಬ್ರ್ಯಾಂಡ್ ಬದಲಾದ ತಿಂಗಳು 400 ಅಂದುಕೊಂಡು 100 ನುಂಗಿಬಿಡುವುದು ನಡೆಯುವ ತಪ್ಪೇ, ಬಿಲ್ಲು ನೋಡಬೇಡ, ಸ್ಟ್ರಿಪ್ ತಿರುಗಿಸಿ ನೋಡು. ಮನೆಯಲ್ಲಿ ಯಾವಾಗಲೂ 15 ದಿನದ ಮಾತ್ರೆ ಹೆಚ್ಚಿಗೆ ಇರಲಿ.

ಮೊದಲ ಕೆಲವು ವಾರ ಡಾಕ್ಟರು ಅಲೋಪ್ಯೂರಿನಾಲ್ ಕೂಡ ಕೊಟ್ಟಿರುತ್ತಾರೆ. ಕಣಗಳು ಒಟ್ಟಿಗೆ ಸತ್ತಾಗ ಯೂರಿಕ್ ಆಸಿಡ್ ಏರಿ ಕಿಡ್ನಿಗೆ ಕಷ್ಟ ಆಗಬಾರದು ಅಂತ. ಆ ದಿನಗಳಲ್ಲಿ ನೀರು ಚೆನ್ನಾಗಿ ಕುಡಿ.

ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರುತ್ತದೆ. ಗಾಬರಿ ಬೇಡ, ಇಮ್ಯಾಟಿನಿಬ್‌ನಲ್ಲಿ ಇದು ಮಾಮೂಲು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡು, ವಾರಕ್ಕೆರಡು ಸಲ ತೂಕ ನೋಡು. ಕೆಲವೇ ದಿನದಲ್ಲಿ ಎರಡು ಕಿಲೋ ಏರಿದರೆ, ಉಬ್ಬಸ ಬಂದರೆ ಫೋನ್ ಮಾಡಿ ಡಾಕ್ಟರಿಗೆ ತಿಳಿಸು. ರಾತ್ರಿ ಮೀನಖಂಡದಲ್ಲಿ ಸೆಳೆತ ಬರಬಹುದು. ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿಸು ಅಂತ ಕೇಳು. ಚರ್ಮ ಕೊಂಚ ತಿಳಿಯಾಗಬಹುದು. ‘ಬೆಳ್ಳಗಾಗಿದ್ದೀಯ’ ಅಂದವರಿಗೆ ಉತ್ತರ ಕೊಡುವ ಜವಾಬ್ದಾರಿ ನಿನ್ನದಲ್ಲ. ಮೊದಲ ಎರಡು ತಿಂಗಳು ಕೌಂಟ್ ಬೇಕಾದ್ದಕ್ಕಿಂತ ಕೆಳಗೂ ಇಳಿಯಬಹುದು, ಅದಕ್ಕೇ ಆಗಾಗ ಸಿಬಿಸಿ. ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ಕಣ) 1,000ಕ್ಕಿಂತ, ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಹೋದರೆ ಡಾಕ್ಟರೇ ಮಾತ್ರೆ ನಿಲ್ಲಿಸಿ, ಏರಿದ ಮೇಲೆ ಮತ್ತೆ ಶುರು ಮಾಡಿಸುತ್ತಾರೆ. ನಿಲ್ಲಿಸುವ ತೀರ್ಮಾನ ಅವರದ್ದು, ನಿನ್ನದೂ ಅಲ್ಲ, ಪಕ್ಕದ ಮನೆಯವರದ್ದೂ ಅಲ್ಲ. ಕೌಂಟ್ ಕಡಿಮೆಯಿದ್ದಾಗ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡ.

ಬೇರೆ ಔಷಧಿಗಳ ವಿಷಯ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ಇಮ್ಯಾಟಿನಿಬ್ ಅನ್ನು ಲಿವರಿನಲ್ಲಿ ಬೇಗ ಒಡೆದು ಹಾಕುತ್ತವೆ. ನೀನು ತಪ್ಪದೆ ನುಂಗಿದರೂ ಅರ್ಧಂಬರ್ಧ ನುಂಗಿದ ಹಾಗೆ. ಕ್ಲಾರಿತ್ರೋಮೈಸಿನ್ ಥರದವು ಉಲ್ಟಾ, ರಕ್ತದಲ್ಲಿ ಅದರ ಮಟ್ಟ ಏರಿಸುತ್ತವೆ. ಗ್ರೇಪ್‌ಫ್ರೂಟ್ ಬೇಡ, ಅದರ ನೆಂಟ ನಮ್ಮ ಚಕ್ಕೋತವೂ ಬೇಡ. ನಿಮ್ಮತ್ತೆ ಅಮೃತಬಳ್ಳಿ ಕಷಾಯ ಮಾಡಿಕೊಡುತ್ತಾರಂತೆ. ಪ್ರೀತಿಯಿಂದಲೇ ಬೇಡ ಅನ್ನು. ಅದನ್ನು ಕುಡಿದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ, ಇಮ್ಯಾಟಿನಿಬ್ ಕೂಡ ಲಿವರ್ ಎನ್‌ಜೈಮ್ ಏರಿಸಬಲ್ಲದು. ಎರಡೂ ಸೇರಿದರೆ ಯಾವುದರಿಂದ ಏರಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಕೊನೆಗೆ ನಿಲ್ಲುವುದು ಇಮ್ಯಾಟಿನಿಬ್.

‘ರಕ್ತದಲ್ಲೇ ಗೊತ್ತಾಯಿತಲ್ಲ, ಮತ್ಯಾಕೆ ಮೂಳೆಮಜ್ಜೆ ತೆಗೆಯಬೇಕು’ ಅಂತ ಕೇಳಿದ್ದೀಯ. ಎರಡು ಕಾರಣಕ್ಕೆ: ಮಜ್ಜೆಯಲ್ಲಿ ಬ್ಲಾಸ್ಟ್ ನಿಜವಾಗಿ ಎಷ್ಟಿದೆ ಅಂತ, ಮತ್ತು ಫಿಲಡೆಲ್ಫಿಯಾ ಬಿಟ್ಟು ಬೇರೆ ಕ್ರೋಮೋಸೋಮ್ ಎಡವಟ್ಟು ಏನಾದರೂ ಇದೆಯಾ ಅಂತ. ಶುರುವಿನಲ್ಲಿ ಒಮ್ಮೆ ನೋಡಿಟ್ಟುಕೊಳ್ಳದಿದ್ದರೆ ಮುಂದೆ ಹೋಲಿಸಲು ಏನೂ ಇರುವುದಿಲ್ಲ. ಆಮೇಲಿನ ಲೆಕ್ಕವೆಲ್ಲ ಬಹುತೇಕ ಕೈಯ ರಕ್ತದಲ್ಲೇ.

ಆ ಕೈಯ ರಕ್ತ ತೆಗೆಯುವಾಗ ಸ್ವಲ್ಪ ಕಣ್ಣಿಡು. ಪಿಸಿಆರ್‌ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ಹಸಿರು ಮುಚ್ಚಳದ್ದು ಹೆಪಾರಿನ್, ಅದು ಕ್ರೋಮೋಸೋಮ್ ಪರೀಕ್ಷೆಗೆ. ಹೆಪಾರಿನ್ ಸೇರಿದ ರಕ್ತದಲ್ಲಿ ಪಿಸಿಆರ್ ಸರಿಯಾಗಿ ನಡೆಯುವುದಿಲ್ಲ. ಅಳೆಯುವುದು ಆರ್‌ಎನ್‌ಎ, ಅದು ಬೇಗ ಹಾಳಾಗುವ ವಸ್ತು. ಶನಿವಾರ ಸಂಜೆ ರಕ್ತ ಕೊಟ್ಟು ಸೋಮವಾರದವರೆಗೆ ಟ್ಯೂಬು ಕಲೆಕ್ಷನ್ ಸೆಂಟರಿನಲ್ಲೇ ಕೂತರೆ ಬರುವ ನಂಬರಿಗೆ ಬೆಲೆ ಇಲ್ಲ. ವಾರದ ಮೊದಲಲ್ಲಿ, ಬೆಳಿಗ್ಗೆ ಕೊಡು. ಪ್ರತಿ ಸಲ ಒಂದೇ ಲ್ಯಾಬು. ರಿಪೋರ್ಟಿನಲ್ಲಿ ಮೂರು ಸಂಗತಿ ಹುಡುಕು. ‘ಇಂಟರ್‌ನ್ಯಾಷನಲ್ ಸ್ಕೇಲ್’ ಅಂತ, ಅಂದರೆ ಬೇರೆ ಬೇರೆ ಲ್ಯಾಬಿನ ನಂಬರನ್ನು ಹೋಲಿಸಬಹುದಾದ ಅಳತೆ ಅಂತ, ಬರೆದಿದೆಯಾ? ನಿನ್ನ ಟ್ರಾನ್ಸ್‌ಕ್ರಿಪ್ಟ್ (ಆ ಜೀನ್ ಕೂಡಿಕೊಂಡ ಬಗೆ) ಯಾವುದು? (ನಿನ್ನದು ಇ14ಎ2, ಸಾಮಾನ್ಯವಾದದ್ದೇ. ಅಪರೂಪದ ಬಗೆಯಾಗಿದ್ದರೆ ಈ ಸ್ಕೇಲ್ ಕೆಲಸಕ್ಕೆ ಬರುತ್ತಿರಲಿಲ್ಲ.) ಹೋಲಿಕೆಗಾಗಿ ಎಣಿಸುವ ಮಾಮೂಲು ಜೀನ್ ಎಬಿಎಲ್1ರ ಕಾಪಿ ಎಷ್ಟು? ಅದು 10,000ಕ್ಕಿಂತ ಕಡಿಮೆಯಿದ್ದು ಫಲಿತಾಂಶ ‘ಪತ್ತೆಯಾಗಿಲ್ಲ’ ಅಂತ ಬಂದರೆ ಸಿಹಿ ಹಂಚಬೇಡ, ಸ್ಯಾಂಪಲ್ಲೇ ಸಾಲದಾಗಿತ್ತು ಅಂತ ಅರ್ಥ. ಈಗ ಕಾರ್ಟ್ರಿಜ್ ಹಾಕಿ ಕೆಲವೇ ಗಂಟೆಯಲ್ಲಿ ಈ ನಂಬರ್ ಕೊಡುವ ಜೀನ್‌ಎಕ್ಸ್‌ಪರ್ಟ್ ಯಂತ್ರವೂ ಇದೆ, ಟಿಬಿ ಪರೀಕ್ಷೆಗೆ ಬಳಸುವ ಯಂತ್ರವೇ, ಕಾರ್ಟ್ರಿಜ್ ಮಾತ್ರ ಬೇರೆ.

ಮೂರು ತಿಂಗಳಿಗೊಮ್ಮೆ ಈ ನಂಬರ್ ನೋಡಬೇಕು. 3ನೇ ತಿಂಗಳಿಗೆ ಶೇ. 10 ಅಥವಾ ಕೆಳಗೆ, 6ನೇ ತಿಂಗಳಿಗೆ ಶೇ. 1 ಅಥವಾ ಕೆಳಗೆ, 12ಕ್ಕೆ ಶೇ. 0.1 ಅಥವಾ ಕೆಳಗೆ. ಶೇ. 0.1 ಅಂದರೆ ಎಲ್ಲ ಲ್ಯಾಬುಗಳೂ ಒಪ್ಪಿದ ಒಂದು ಆರಂಭದ ಮಟ್ಟಕ್ಕಿಂತ ಸಾವಿರ ಪಟ್ಟು ಇಳಿದಿದೆ ಅಂತ. ಸ್ವಲ್ಪ ತಡವಾದರೆ ಮುಳುಗಿಹೋಗಲಿಲ್ಲ, 12ನೇ ತಿಂಗಳಿಗೆ ಶೇ. 0.4 ಇದ್ದರೆ ಅದು ಎಚ್ಚರಿಕೆ, ಸೋಲಲ್ಲ. ಶೇ. 1ಕ್ಕಿಂತ ಮೇಲಿದ್ದರೆ ಔಷಧಿ ಬದಲಿಸುವ ಮಾತು ಬರುತ್ತದೆ. ಹಾಗೆಯೇ 0.02 ಇದ್ದದ್ದು ಮುಂದಿನ ಸಲ 0.04 ಆದರೆ ನಿದ್ದೆ ಕೆಡಿಸಿಕೊಳ್ಳಬೇಡ, ಆ ಮಟ್ಟದಲ್ಲಿ ಅಷ್ಟು ಏರಿಳಿತ ಪರೀಕ್ಷೆಯದ್ದೇ. 0.1 ದಾಟಿದರೆ ಮಾತ್ರ ಬೇಗನೆ ಇನ್ನೊಮ್ಮೆ ಮಾಡಿಸು.

ನಂಬರ್ ಇಳಿಯದಿದ್ದರೆ ಡಾಕ್ಟರು ಮೊದಲು ಕೇಳುವುದು ‘ಮಾತ್ರೆ ತಪ್ಪಿಸಿದಿರಾ’ ಅಂತ. ಬೈತಾರೆ ಅಂತ ಸುಳ್ಳು ಹೇಳಬೇಡ. ನೀನು ತಪ್ಪಿಸಿಲ್ಲ ಅಂದರೆ ಮ್ಯುಟೇಷನ್ (ಆ ಜೀನಿನಲ್ಲಿ ಆದ ಹೊಸ ಬದಲಾವಣೆ) ಪರೀಕ್ಷೆಗೆ ಹೋಗುತ್ತಾರೆ, ಔಷಧಿ ಬದಲಾಗುತ್ತದೆ. ಸುಳ್ಳಿನ ಮೇಲೆ ಬದಲಾದ ಔಷಧಿ ದುಬಾರಿ, ಅಡ್ಡಪರಿಣಾಮವೂ ಬೇರೆ. ಹಾಗೆ ಬದಲಿಸಿ ಕೊಡುವ ಡಾಸಾಟಿನಿಬ್‌ನಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಬಹುದು. ಅಸಿಡಿಟಿ ಮಾತ್ರೆ ಜೊತೆಗಿದ್ದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಇನ್ನೊಂದು ಔಷಧಿ ನೈಲೊಟಿನಿಬ್ ಅನ್ನು ದಿನಕ್ಕೆರಡು ಸಲ ಬರಿ ಹೊಟ್ಟೆಯಲ್ಲಿ ತಗೋಬೇಕು, ಮುಂಚೆ ಎರಡು ಗಂಟೆ, ಆಮೇಲೆ ಒಂದು ಗಂಟೆ ಊಟವಿಲ್ಲ. ಇಸಿಜಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡುತ್ತಿರಬೇಕು.

ಟಿ315ಐ ಅನ್ನುವ ಒಂದು ಮ್ಯುಟೇಷನ್ ಇದೆ. ಅದು ಬಂದರೆ ಇಮ್ಯಾಟಿನಿಬ್ ಸೇರಿ ಈ ಮೂರೂ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಪ್ರೋಟೀನು ಒಂದು ಬೀಗ ಅಂದುಕೊಂಡರೆ ಮೂರೂ ಹೋಗಿ ಕೂರುವ ತೂತೇ ಮುಚ್ಚಿಹೋಗಿರುತ್ತದೆ. ಆಗ ಪೊನಾಟಿನಿಬ್, ಇಲ್ಲವೇ ಅಸಿಮಿನಿಬ್. ಅಸಿಮಿನಿಬ್ ಜಾಣತನದ್ದು. ಬೀಗದ ತೂತಿಗೆ ಹೋಗುವುದೇ ಇಲ್ಲ, ಹಿಂಭಾಗದ ಇನ್ನೊಂದು ಕುಳಿಯಲ್ಲಿ ಕೂತು ಇಡೀ ಬೀಗವನ್ನೇ ಮಡಚಿಬಿಡುತ್ತದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2024ರಲ್ಲಿ ಹೊಸ ರೋಗಿಗಳಿಗೂ. ಹಾಗಂತ ನಾಳೆಯೇ ಅದು ಬೇಕು ಅಂತ ಹಟ ಹಿಡಿಯಬೇಡ. ನಿನ್ನ ಹಂತಕ್ಕೆ ಇಮ್ಯಾಟಿನಿಬ್ ಒಳ್ಳೆಯ ಆರಂಭವೇ, ಕೈಗೆಟುಕುವ ಬೆಲೆಗೂ ಸಿಗುತ್ತದೆ. ಒಂದು ಕಾಲಕ್ಕೆ ಇದರ ಮೂಲ ಬ್ರ್ಯಾಂಡಿಗೆ ತಿಂಗಳಿಗೆ ಲಕ್ಷಕ್ಕೂ ಮೇಲೆ ಬೀಳುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೋವಾರ್ಟಿಸ್ ಕಂಪನಿಗೆ ಪೇಟೆಂಟ್ ಇಲ್ಲ ಅಂದದ್ದರಿಂದ ನಮ್ಮ ಕಂಪನಿಗಳ ಜೆನೆರಿಕ್ ಮಾತ್ರೆ ಉಳಿಯಿತು. ಜನೌಷಧಿ ಕೇಂದ್ರದ ಪಟ್ಟಿಯಲ್ಲೂ ಇದೆ, ವಿಚಾರಿಸು.

ನಿಮ್ಮ ಮಾವ ವಾಟ್ಸಾಪಿನಲ್ಲಿ ಕಾರ್-ಟಿ ಚಿಕಿತ್ಸೆಯ (ರೋಗಿಯದೇ ರೋಗನಿರೋಧಕ ಕಣಗಳನ್ನು ಮಾರ್ಪಡಿಸಿ ಮೈಗೆ ವಾಪಸು ಕೊಡುವುದು) ಸುದ್ದಿ ಕಳಿಸಿದ್ದಾರೆ. ಸುದ್ದಿ ನಿಜವೇ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರ ಶ್ರಮದಿಂದ ಬಂದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಬಿ-ಕಣ ಎಂಬ ಬೇರೆ ಬಗೆಯ ಬಿಳಿ ಕಣದ ಲಿಂಫೋಮ, ಲ್ಯುಕೇಮಿಯಗಳು ಬೇರೆ ಚಿಕಿತ್ಸೆಗೆ ಬಗ್ಗದಿದ್ದಾಗ ಕೊಡುವುದು. ನಿನ್ನ ಬೀದಿಯದ್ದಲ್ಲ. ಅವರಿಗೆ ಥ್ಯಾಂಕ್ಸ್ ಹೇಳು, ಅಷ್ಟು ಸಾಕು.

ಮಗುವಿನ ವಿಷಯ. ನೀವಿಬ್ಬರೂ ಅದರ ಯೋಚನೆಯಲ್ಲಿದ್ದಿರಿ ಅಂತ ಗೊತ್ತು, ಅದಕ್ಕೇ ನೇರವಾಗಿ ಬರೆಯುತ್ತೇನೆ. ಇಮ್ಯಾಟಿನಿಬ್ ನುಂಗುತ್ತಾ ಗರ್ಭಿಣಿಯಾಗಬಾರದು. ಮೊದಲ ಮೂರು ತಿಂಗಳಲ್ಲಿ ಮಗುವಿನ ಅಂಗಗಳು ಕೆಡುವ ಭಯವಿದೆ, ಮೊಲೆಹಾಲಿಗೂ ಇಳಿಯುತ್ತದೆ. ಈಗಲೇ ಗರ್ಭನಿರೋಧಕ ಯಾವುದು ಸರಿ ಅಂತ ಡಾಕ್ಟರ ಹತ್ತಿರ ಮಾತಾಡು. ಮುಟ್ಟು ತಪ್ಪಿದರೆ ಒಂದು ವಾರ ನೋಡೋಣ ಅನ್ನದೆ ಅಂದೇ ಪರೀಕ್ಷೆ ಮಾಡಿಕೊಂಡು ಅಂದೇ ಫೋನ್ ಮಾಡು. ಬಾಗಿಲು ಮುಚ್ಚಿಲ್ಲ. ನಂಬರ್ ಶೇ. 0.01ಕ್ಕಿಂತ ಕೆಳಗೆ ಕೆಲವು ವರ್ಷ ನಿಂತರೆ, ಡಾಕ್ಟರ ಉಸ್ತುವಾರಿಯಲ್ಲಿ ಮಾತ್ರೆ ನಿಲ್ಲಿಸಿ ಮಗು ಪಡೆಯುವವರಿದ್ದಾರೆ.

ಆ ನಿಲ್ಲಿಸುವ ಹಾದಿಯೂ ಹೊಸದೇ. ಫ್ರಾನ್ಸಿನವರು 100 ಜನರಲ್ಲಿ ಮಾತ್ರೆ ನಿಲ್ಲಿಸಿ ನೋಡಿ 2010ರಲ್ಲಿ ಮೊದಲ ಫಲಿತಾಂಶ ಹೇಳಿದರು. ಸುಮಾರು ಹತ್ತರಲ್ಲಿ ನಾಲ್ವರಿಗೆ ಕಾಯಿಲೆ ಮರಳಲಿಲ್ಲ, ಮರಳಿದವರಲ್ಲಿ ಬಹುಪಾಲು ಮೊದಲ ಆರು ತಿಂಗಳಲ್ಲೇ. ಮತ್ತೆ ಮಾತ್ರೆ ಶುರು ಮಾಡಿದಾಗ ನಂಬರ್ ಮತ್ತೆ ಇಳಿಯಿತು. ಆದರೆ ಅದಕ್ಕೆ ಅರ್ಹತೆ ಬೇಕು: ಸಾಮಾನ್ಯವಾಗಿ ಐದು ವರ್ಷದ ಮಾತ್ರೆ, ಕೊನೆಯ ಎರಡು ಮೂರು ವರ್ಷ ಆಳವಾದ ಇಳಿತ, ನಿಲ್ಲಿಸಿದ ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಪಿಸಿಆರ್. ಆ ಪರೀಕ್ಷೆಗೆ ದುಡ್ಡೂ ಲ್ಯಾಬೂ ಸಿಗದ ಕಡೆ ನಿಲ್ಲಿಸುವುದು ಜೂಜು. ನಿಲ್ಲಿಸಿದ ಮೇಲೆ ಕೆಲವು ವಾರ ಕೀಲು, ಸ್ನಾಯು ನೋವು ಬರುವುದೂ ಉಂಟು, ಅದು ಕಾಯಿಲೆ ಮರಳಿದ್ದಲ್ಲ.

ಇಂದಿನಿಂದ ಗೋಡೆ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ಮೇಲೆ ಆ ದಿನದ ಮೇಲೆ ಗೆರೆ ಎಳಿ, ನುಂಗುವ ಮೊದಲು ಅಲ್ಲ. ಅಳಿಯಂದಿರಿಗೂ ಇದನ್ನು ಓದಿಸು. ಮೂರನೇ ತಿಂಗಳ ರಿಪೋರ್ಟು ಬಂದಾಗ ಮೊದಲ ಪುಟದ ಫೋಟೋ ಮಾತ್ರ ಕಳಿಸಬೇಡ, ಎಬಿಎಲ್1 ಕಾಪಿ ಇರುವ ಪುಟವೂ ಬೇಕು, ಕ್ಯಾಲೆಂಡರಿನ ಮೂರು ತಿಂಗಳ ಹಾಳೆಯೂ ಬೇಕು.

ಇತಿ,
ನಿನ್ನ ದೊಡ್ಡಮ್ಮ