ನಿಮ್ಮ 4,720 ರೂಪಾಯಿ ಬಿಲ್‌ಗೆ ನನ್ನ ಉತ್ತರ

ಮ್ಯೂನಿಕ್, 24 ಮಾರ್ಚ್ 2025

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು ಕಚೇರಿ

ವಿಷಯ: ಕೆಲಸಕ್ಕೆಂದು ಜರ್ಮನಿಗೆ ಬಂದ ನನಗೆ ಇಲ್ಲಿ ನೆಲೆಯೂರಲು ನೀವು ಕೊಟ್ಟ 'ಫುಲ್ ಪ್ಯಾಕೇಜ್' ಸೇವೆ ಮತ್ತು ಅದರ ಮೇಲೆ ಕಳಿಸಿದ ಹೊಸ ಬಿಲ್ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಬಿಲ್ ಶುಕ್ರವಾರ ಬಂತು. "ಫೋನ್ ಮೂಲಕ ಭಾಷಾಂತರ ನೆರವು, 11 ನಿಮಿಷ: 4,000 ರೂಪಾಯಿ. ಜಿಎಸ್‌ಟಿ 720. ಒಟ್ಟು 4,720." ಕೆಳಗೆ ಕೈ ಮುಗಿಯುವ ಚಿತ್ರ ಬೇರೆ. ಆ 11 ನಿಮಿಷದಲ್ಲಿ ಏನಾಯಿತು ಅಂತ ಬಿಲ್ ಮಾಡಿದವರಿಗೆ ಗೊತ್ತಿಲ್ಲ ಅನ್ನಿಸುತ್ತದೆ. ಗೊತ್ತಿದ್ದರೆ ಕೈ ಮುಗಿಯುವ ಬದಲು ಕಾಲಿಗೆ ಬೀಳುವ ಚಿತ್ರ ಹಾಕುತ್ತಿದ್ದರು.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಿಮ್ಮ ಕರಪತ್ರದಲ್ಲಿ "ಜರ್ಮನಿಯಲ್ಲೂ ಕನ್ನಡದಲ್ಲೇ ಸೇವೆ" ಅಂತ ಇತ್ತು. ಅದನ್ನು ನೋಡಿಯೇ ನಿಮ್ಮ ಹತ್ತಿರ ಬಂದೆ. ಸೇವೆಯಂತೂ ಸಿಗಲಿಲ್ಲ, ದೂರಾದರೂ ಕನ್ನಡದಲ್ಲಿರಲಿ. ಸೆಪ್ಟೆಂಬರ್‌ನಿಂದ ಈಚೆಗೆ 14 ಸಲ ಫೋನ್ ಮಾಡಿದ್ದೇನೆ, 9 ಇಮೇಲ್ ಹಾಕಿದ್ದೇನೆ. ಒಂದೇ ಒಂದು ಸಲ ಬಿಟ್ಟರೆ ದನಿ ಎತ್ತಿಲ್ಲ. ಈ ಪತ್ರದಲ್ಲೂ ಮರ್ಯಾದೆ ಬಿಡಬಾರದು ಅಂದುಕೊಂಡೇ ಶುರು ಮಾಡಿದ್ದೇನೆ. ನೋಡೋಣ.

ನಾನು ಕಟ್ಟಿದ್ದು 85,000 ರೂಪಾಯಿ, ಜಿಎಸ್‌ಟಿ ಸೇರಿ 1,00,300. ಒಪ್ಪಂದದ ಪ್ರತಿ ನನ್ನ ಮುಂದೆಯೇ ಇದೆ. ಮನೆ ವಿಳಾಸದ ನೋಂದಣಿ ಮಾಡಿಸುವುದು ನಿಮ್ಮ ಕೆಲಸ. ಅಂಚೆ ಡಬ್ಬಿಗೆ ಹೆಸರು ಹಾಕಿಸುವುದು ನಿಮ್ಮ ಕೆಲಸ. ಟ್ಯಾಕ್ಸ್ ಐಡಿ ಕೈಗೆ ಸಿಗುವವರೆಗೆ ಬೆನ್ನು ಹತ್ತುವುದು ನಿಮ್ಮ ಕೆಲಸ. ರೆಸಿಡೆನ್ಸ್ ಪರ್ಮಿಟ್ ಅಪಾಯಿಂಟ್‌ಮೆಂಟ್ ದಿನ "ನಮ್ಮ ಸಿಬ್ಬಂದಿ ಖುದ್ದು ಜೊತೆಗಿರುತ್ತಾರೆ" ಅಂತಲೂ ಬರೆದಿದ್ದೀರಿ. ಖುದ್ದು ಅನ್ನುವ ಪದ ನಿಮ್ಮದು, ನಾನು ಸೇರಿಸಿದ್ದಲ್ಲ.

ಮೊದಲು ಹೆಸರಿನ ವಿಷಯ. ನಮ್ಮ ಕಡೆ ಸರ್‌ನೇಮ್ ಇಲ್ಲ, ಇನಿಶಿಯಲ್ ಇದೆ. ಇದು ನಿಮಗೆ ಗೊತ್ತಿರಬೇಕು, ನೀವೂ ಬೆಂಗಳೂರಿನವರೇ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಡಬೇಡಿ ಅಂದರು, ಊರಿನ ಹೆಸರು ಬರೆಸಿದೆ. ಹಾಗಾಗಿ ಜರ್ಮನಿಯ ಎಲ್ಲ ದಾಖಲೆಗಳಲ್ಲೂ ನಾನು 'ಹೆರ್ ತುರುವೇಕೆರೆ'. ಅಂದರೆ ಶ್ರೀಮಾನ್ ತುರುವೇಕೆರೆ. ಇಡೀ ತಾಲ್ಲೂಕಿನ ಪ್ರತಿನಿಧಿಯಾಗಿ ಇಲ್ಲಿ ಓಡಾಡುತ್ತಿದ್ದೇನೆ. ಇದರಲ್ಲಿ ನಿಮ್ಮ ತಪ್ಪಿಲ್ಲ.

ನಿಮ್ಮ ತಪ್ಪು ಇರುವುದು ಅಂಚೆ ಡಬ್ಬಿಯಲ್ಲಿ. ಇಲ್ಲಿ ಫ್ಲಾಟ್ ನಂಬರ್ ನೋಡಿ ಕಾಗದ ಹಾಕುವುದಿಲ್ಲ. ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರು ಹೊಂದದಿದ್ದರೆ ಕಾಗದ ವಾಪಸ್. ಈ ನಿಯಮ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ, ಇದನ್ನು ಮಾರಿಯೇ ನೀವು ಹೊಟ್ಟೆ ಹೊರೆಯುತ್ತಿದ್ದೀರಿ. ಆದರೂ ಡಬ್ಬಿಯ ಮೇಲೆ ನೀವು ಅಂಟಿಸಿದ್ದು ನಮ್ಮಮ್ಮ ನನ್ನನ್ನು ಕರೆಯುವ ಹೆಸರು. ಸರ್‌ನೇಮ್ ಇಲ್ಲವೇ ಇಲ್ಲ. ನಾನೂ ನೋಡಿದೆ. ಎಷ್ಟು ಆತ್ಮೀಯವಾಗಿದೆ ಅಂದುಕೊಂಡು ಸುಮ್ನೆ ಇದ್ದೆ. ಆ ಮಟ್ಟಿಗೆ ದಡ್ಡತನ ನನ್ನದೂ ಹೌದು.

ಮನೆಗೆ ಬಂದ ಎರಡು ವಾರದೊಳಗೆ ವಿಳಾಸದ ನೋಂದಣಿ ಆಗಬೇಕು, ಅದು ಸೆಪ್ಟೆಂಬರ್ 12ಕ್ಕೇ ಆಯಿತು. ಅದಾದ ಮೇಲೆ ತೆರಿಗೆ ಇಲಾಖೆಯ ಕೇಂದ್ರ ಕಚೇರಿಯಿಂದ 11 ಅಂಕಿಯ ಟ್ಯಾಕ್ಸ್ ಐಡಿ ತಾನಾಗಿ ಅಂಚೆಯಲ್ಲಿ ಬರುತ್ತದೆ. ಅಂಚೆಯಲ್ಲಿ ಮಾತ್ರ. ಫೋನ್‌ನಲ್ಲಿ ಕೇಳಿದರೂ ಹೇಳುವುದಿಲ್ಲ, ಇಮೇಲ್‌ನಲ್ಲೂ ಕಳಿಸುವುದಿಲ್ಲ. ಅಕ್ಟೋಬರ್‌ನಲ್ಲಿ ಕೇಳಿದೆ. "ಬರುತ್ತೆ ಸರ್, ಜರ್ಮನಿಯಲ್ಲಿ ಎಲ್ಲಾ ನಿಧಾನ" ಅಂದಿರಿ. ನವೆಂಬರ್‌ನಲ್ಲಿ ಕೇಳಿದೆ. "ಫಾಲೋ ಅಪ್ ಮಾಡ್ತಾ ಇದೀವಿ ಸರ್." ಯಾರ ಹತ್ತಿರ ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಡಿಸೆಂಬರ್ ಸಂಬಳ ಬಂದಾಗ ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಐಡಿ ಇಲ್ಲದಿದ್ದರೂ ಕಂಪನಿಯವರು ಮೂರು ತಿಂಗಳು ಮಾಮೂಲಿ ಲೆಕ್ಕದಲ್ಲಿ, ಅಂದರೆ ಒಂಟಿ ಜನಕ್ಕಿರುವ ಕ್ಲಾಸ್ 1 ಅನ್ನುವ ತೆರಿಗೆ ವರ್ಗದಲ್ಲಿ, ತೆರಿಗೆ ಹಿಡಿಯಬಹುದು. ಆಮೇಲೂ ಐಡಿ ಕೊಡದಿದ್ದರೆ ಕ್ಲಾಸ್ 6. ಅದೂ ಹಿಂದಿನ ಮೂರು ತಿಂಗಳಿಗೂ ಸೇರಿಸಿ! 2024ರಲ್ಲಿ ಇಲ್ಲಿ ವರ್ಷಕ್ಕೆ 11,784 ಯೂರೋವರೆಗಿನ ಆದಾಯಕ್ಕೆ ತೆರಿಗೆ ಇರಲಿಲ್ಲ. ಕ್ಲಾಸ್ 6ರಲ್ಲಿ ಸಂಬಳ ಕೊಡುವಾಗ ಆ ವಿನಾಯಿತಿ ಲೆಕ್ಕಕ್ಕೇ ಬರುವುದಿಲ್ಲ, ಮೊದಲ ಯೂರೋದಿಂದಲೇ ಕತ್ತರಿ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ಗಳ ಬಾಕಿ ಎಲ್ಲ ಡಿಸೆಂಬರ್ ಸಂಬಳದಲ್ಲೇ ಹಿಡಿದರು. ಬಾಡಿಗೆ ಕಟ್ಟಿದ ಮೇಲೆ ನನ್ನ ಖಾತೆಯಲ್ಲಿ ಉಳಿದದ್ದು 212 ಯೂರೋ. ಹೊರಗೆ ಹಿಮ, ಒಳಗೆ ನಾನು ಮತ್ತು ಊರಿಂದ ತಂದ ಹುರುಳಿಕಾಳು. ನಿಮಗೆ ಫೋನ್ ಮಾಡಿದರೆ ಕ್ರಿಸ್‌ಮಸ್ ರಜೆ ಅಂತ ರೆಕಾರ್ಡಿಂಗ್. ಬೆಂಗಳೂರಿನಲ್ಲಿ ಅಷ್ಟು ದಿನ ಕ್ರಿಸ್‌ಮಸ್ ರಜೆ ಯಾವಾಗಿನಿಂದ ಸ್ವಾಮಿ?

ಈಗ ಆ 11 ನಿಮಿಷಕ್ಕೆ ಬರುತ್ತೇನೆ.

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 8:10. ನನ್ನ ವೀಸಾ ಮುಗಿಯಲು 17 ದಿನ ಬಾಕಿ. ಬ್ಲೂ ಕಾರ್ಡ್‌ಗೆ, ಅಂದರೆ ಇಲ್ಲಿದ್ದು ಕೆಲಸ ಮಾಡುವ ಪರ್ಮಿಟ್‌ಗೆ, ವಿದೇಶಿಯರ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್. ನಿಮ್ಮ ಸಿಬ್ಬಂದಿ 7:45ಕ್ಕೆ ಬಾಗಿಲಲ್ಲಿ ಸಿಗಬೇಕಿತ್ತು. 7:58ಕ್ಕೆ ಮೆಸೇಜ್ ಬಂತು: "ಸರ್, ಟ್ರೈನ್ ಲೇಟ್, ಫೋನ್‌ನಲ್ಲಿ ಇರ್ತೀನಿ, ಸೇಮ್ ಥಿಂಗ್." ಸೇಮ್ ಥಿಂಗ್!

ಒಳಗೆ ಹೋದೆ. ಮೇಜಿನ ಆಚೆ ಕೂತಿದ್ದ ಅಧಿಕಾರಿ ವಯಸ್ಸಾದ ಹೆಂಗಸು, ಒಳ್ಳೆಯವರೇ. ಮೊದಲು ಫೋಟೋ ಕೇಳಿದರು. ಕೊಟ್ಟೆ. ಅಳತೆಯ ಪ್ಲಾಸ್ಟಿಕ್ ಹಾಳೆ ಇಟ್ಟು ನೋಡಿ ತಲೆಯಾಡಿಸಿದರು. ಇಲ್ಲಿ ಬೇಕಾದದ್ದು 35x45 ಮಿಲಿಮೀಟರ್. ನಿಮ್ಮ ಪಟ್ಟಿಯಲ್ಲಿ ಬರೆದಿದ್ದು 2x2 ಇಂಚು. ಅದು ಅಮೆರಿಕದ ವೀಸಾಕ್ಕೆ. ಕೆಳಗೆ ಓಡಿ, ಮೆಷಿನ್‌ನಲ್ಲಿ ಫೋಟೋ ತೆಗೆಸಿಕೊಂಡು ಮೇಲೆ ಓಡಿ ಬಂದೆ. ಬ್ಲೂ ಕಾರ್ಡ್‌ನಲ್ಲಿ ನಾನು ಏದುಸಿರು ಬಿಡುವ ಮುಖದಲ್ಲೇ ಇರುತ್ತೇನೆ.

ಆಮೇಲೆ ಆಕೆ ಸಂಬಳದ ಚೀಟಿಯ ಮೇಲೆ ಬೆರಳಿಟ್ಟರು. ಟ್ಯಾಕ್ಸ್ ಕ್ಲಾಸ್ 6. ಐಡಿ ಕೊಡದವರನ್ನು ಬಿಟ್ಟರೆ ಈ ಕ್ಲಾಸ್ ಇರುವುದು ಇನ್ನೊಂದು ಕಡೆಯೂ ಕೆಲಸ ಮಾಡುವವರಿಗೆ, ಆ ಎರಡನೇ ಸಂಬಳದ ಮೇಲೆ. ನನ್ನ ವೀಸಾ ಇರುವುದು ಒಂದೇ ಕಂಪನಿಯ ಕೆಲಸಕ್ಕೆ. ಆಕೆ ಕೇಳಿದರು: "ಹಾಬೆನ್ ಜೀ ನೋಖ್ ಐನೆನ್ ಜೊಬ್?" ನನ್ನ ಜರ್ಮನ್ ಬೇಕರಿ ಮಟ್ಟದ್ದು. ಆದರೆ ಬೇಕರಿಯಲ್ಲಿ ದಿನಾ "ನೋಖ್ ಎಟ್ವಾಸ್?", ಇನ್ನೇನಾದರೂ ಬೇಕಾ, ಅಂತ ಕೇಳುವುದರಿಂದ 'ನೋಖ್' ಅಂದರೆ 'ಇನ್ನೂ' ಅಂತ ಗೊತ್ತು. ಇನ್ನೂ ಒಂದು ಕೆಲಸ ಇದೆಯಾ ಅಂತ ಕೇಳುತ್ತಿದ್ದಾರೆ ಅನ್ನುವಷ್ಟರಲ್ಲಿ, ಮೇಜಿನ ಮೇಲೆ ಸ್ಪೀಕರ್‌ನಲ್ಲಿಟ್ಟಿದ್ದ ಫೋನ್‌ನಿಂದ ನಿಮ್ಮ ಸಿಬ್ಬಂದಿ ಉತ್ತರ ಕೊಟ್ಟಾಗಿತ್ತು.

"ಯಾ, ಯಾ!"

ಹೌದು, ಹೌದು. ಎರಡು ಸಲ.

ಆಕೆ ಪೆನ್ನು ಕೆಳಗಿಟ್ಟರು. "ವೋ?" ಎಲ್ಲಿ?

"ಇನ್ ಮ್ಯುನ್ಶೆನ್." ಮ್ಯೂನಿಕ್‌ನಲ್ಲಿ.

"ಜೈಟ್ ವಾನ್?" ಯಾವಾಗಿನಿಂದ?

"ಸೆಪ್ಟೆಂಬರ್!"

ಸಂತೋಷದಿಂದ ಹೇಳಿದರು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ. ಆಮೇಲೆ ನನಗೆ ಕನ್ನಡದಲ್ಲಿ: "ಎಲ್ಲಾ ಚೆನ್ನಾಗಿ ಹೋಗ್ತಾ ಇದೆ ಸರ್."

ನಾನು ಕಿರುಚಿದೆ. "ರೀ, ಎರಡನೇ ಕೆಲಸ ಇದೆಯಾ ಅಂತ ಕೇಳ್ತಿದಾರೆ, ನೀವು ಹೌದು ಅಂತೀರಲ್ರೀ!" ಆ ಕಡೆಯಿಂದ ಒಂದು ಕ್ಷಣ ಮೌನ. ನಂತರ, "ಒಂದ್ನಿಮಿಷ ಹೋಲ್ಡ್ ಮಾಡಿ ಸರ್, ಸೀನಿಯರ್ನ ಕೇಳ್ತೀನಿ." ಹೋಲ್ಡ್ ಸಂಗೀತ ಶುರುವಾಯಿತು. ಪಿಟೀಲು. ಆಕೆ ಎದ್ದು ಪಕ್ಕದ ಕೊಠಡಿಗೆ ಹೋಗಿ ಇನ್ನೊಬ್ಬ ಅಧಿಕಾರಿಯನ್ನು ಕರೆದುಕೊಂಡು ಬರುವವರೆಗೆ ಆ ಪಿಟೀಲು ನಿಲ್ಲಲಿಲ್ಲ. ಕರೆ ಕಡಿದರೆ ಮತ್ತೆ ಸಿಗುವುದಿಲ್ಲ ಅನ್ನುವ ಭಯಕ್ಕೆ ನಾನೂ ಕಡಿಯಲಿಲ್ಲ. ಬಂದವರು ಫೋನ್ ನೋಡಿ, ನನ್ನನ್ನು ನೋಡಿ, "ಹ್ಯಾಂಡಿ ವೆಕ್, ಬಿಟ್ಟೆ" ಅಂದರು. ಫೋನ್ ಒಳಗಿಡಪ್ಪ, ದಯವಿಟ್ಟು. ಬಿಲ್‌ನಲ್ಲಿ ಆ ಪಿಟೀಲಿನ ನಿಮಿಷಗಳೂ ಸೇರಿವೆ ಅಂತ ನಾನು ಲೆಕ್ಕ ಹಾಕಿ ನೋಡಿದ್ದೇನೆ.

"ನೈನ್. ನೂರ್ ಐನ್ ಜೊಬ್" ಅಂತ ತೋರುಬೆರಳು ಎತ್ತಿ ತೋರಿಸಿದೆ. ಇಲ್ಲ, ಒಂದೇ ಕೆಲಸ. ಇಲ್ಲಿ ಒಂದು ಅಂತ ತೋರಿಸಲು ಹೆಬ್ಬೆರಳು ಎತ್ತುತ್ತಾರಂತೆ, ತೋರುಬೆರಳು ಎತ್ತಿದರೆ ಮೇಷ್ಟ್ರು ಗದರಿಸಿದ ಹಾಗಂತೆ. ಇದನ್ನು ಆಫೀಸಿನ ಗೆಳೆಯರು ಆಮೇಲೆ ಹೇಳಿದರು. ಅಂದರೆ ನಾನು ಇಬ್ಬರು ಸರ್ಕಾರಿ ಅಧಿಕಾರಿಗಳಿಗೆ ಅವರದೇ ಕೊಠಡಿಯಲ್ಲಿ ಬೆರಳು ಆಡಿಸಿ ಗದರಿಸಿ ಬಂದಿದ್ದೇನೆ.

ಅವರ ತಪ್ಪೇನಿಲ್ಲ. ಎರಡನೇ ಕೆಲಸ ಇಲ್ಲ ಅಂತ ಕಂಪನಿಯಿಂದ ಪತ್ರ ತನ್ನಿ ಅಂದರು. ಅಲ್ಲಿಯವರೆಗೆ ಫಿಕ್ಷನ್ಸ್‌ಬೆಶೈನಿಗುಂಗ್ ಅನ್ನುವ ಮಡಚುವ ಕಾಗದ ಕೊಟ್ಟರು, ಶುಲ್ಕ 13 ಯೂರೋ. ಅರ್ಜಿ ವಿಚಾರಣೆಯಲ್ಲಿರುವಾಗ ಹಳೇ ವೀಸಾ ಇನ್ನೂ ಇದೆ ಅಂತ ಕಾನೂನು ಭಾವಿಸಿಕೊಳ್ಳುವ ಪತ್ರ ಅದು. ಅಂದರೆ ಸದ್ಯಕ್ಕೆ ನಾನು ಇಲ್ಲಿ ಇರುವುದೇ ಒಂದು ಕಲ್ಪನೆ. ಮಾರನೇ ದಿನ ನಮ್ಮ ಮ್ಯಾನೇಜರ್ ಮುಂದೆ ನಿಂತು "ನನಗೆ ಇರುವುದು ನೀವು ಕೊಟ್ಟ ಕೆಲಸ ಮಾತ್ರ ಅಂತ ಬರೆದುಕೊಡಿ" ಅಂತ ಕೇಳಿದೆ. ಸೇರಿ ಆರು ತಿಂಗಳೂ ಆಗಿರಲಿಲ್ಲ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಗಂಟು ಬಿಚ್ಚಿದ್ದು ನೀವಲ್ಲ, ಮೂರನೇ ಮಹಡಿಯ ಅಜ್ಜಿ. ಮೆಟ್ಟಿಲಲ್ಲಿ ಸಿಕ್ಕಾಗ ಅರ್ಧ ಇಂಗ್ಲಿಷ್‌ನಲ್ಲಿ ಕೇಳಿದರು: "ಈ ತುರುವೇಕೆರೆ ಅಂದರೆ ಯಾರು? ಪೋಸ್ಟ್‌ನವನು ಎಷ್ಟೋ ಸಲ ಕೇಳಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಹೇಳಿ ಕಳಿಸಿದೆ." ಟ್ಯಾಕ್ಸ್ ಐಡಿ, ಇನ್ಶೂರೆನ್ಸ್ ಕಾರ್ಡ್, ಎಲ್ಲ ಹಾಗೇ ವಾಪಸ್ ಹೋಗಿದ್ದವು. ಅವತ್ತೇ ಸಂಜೆ 1 ಯೂರೋ 99 ಸೆಂಟ್ ಕೊಟ್ಟು ಸ್ಟಿಕ್ಕರ್ ತಂದು ತುರುವೇಕೆರೆ ಅಂತ ಬರೆದು ಅಂಟಿಸಿದೆ. ಐಡಿ ಮತ್ತೆ ಕಳಿಸಿ ಅಂತ ಆನ್‌ಲೈನ್‌ನಲ್ಲಿ ಕೇಳಿದೆ, ಅದಕ್ಕೆ ದುಡ್ಡೂ ಇಲ್ಲ. ಮಾರ್ಚ್ 6ಕ್ಕೆ ಕಾಗದ ಬಂತು.

2025ರ ತಿಂಗಳುಗಳನ್ನು ಕಂಪನಿಯವರು ಸರಿಮಾಡಿಕೊಡುತ್ತಾರೆ. 2024ರ ಲೆಕ್ಕ ಅಷ್ಟರಲ್ಲಿ ಮುಚ್ಚಿತ್ತು. ಹೆಚ್ಚು ಹಿಡಿದ ಹಣ ಬೇಕಾದರೆ ನಾನೇ ರಿಟರ್ನ್ ಹಾಕಬೇಕು. ಅದನ್ನು ನಿಮಗೆ ಹೇಳಿದಾಗ ನಿಮ್ಮಿಂದ ಬಂದ ಉತ್ತರ: "ಅದಕ್ಕೆ ನಮ್ಮ ಟ್ಯಾಕ್ಸ್ ಪ್ಯಾಕೇಜ್ ಇದೆ ಸರ್, 24,999." ಬೆಂಕಿ ಹಚ್ಚಿದವರೇ ನೀರಿನ ಟ್ಯಾಂಕರ್ ಬಾಡಿಗೆ ಕೇಳಿದ ಹಾಗೆ. ಇಲ್ಲಿನ ಸರ್ಕಾರಿ ಪೋರ್ಟಲ್‌ನಲ್ಲಿ ರಿಟರ್ನ್ ಬಿಟ್ಟಿಯಾಗಿ ಹಾಕಬಹುದು. ಅದರ ಆ್ಯಕ್ಟಿವೇಶನ್ ಕೋಡ್ ಕೂಡ ಅಂಚೆಯಲ್ಲೇ ಬರುತ್ತದೆ, ಆ ಡಬ್ಬಿಗೇ.

ನಿಮ್ಮ ಟ್ಯಾಕ್ಸ್ ತಜ್ಞರ ಬಗ್ಗೆಯೂ ಒಂದು ಮಾತು. ಜರ್ಮನಿಯ ಸಂಬಳವನ್ನು ಭಾರತದಲ್ಲೂ ತೋರಿಸಬೇಕು, ನೀವು ಈ ವರ್ಷ 'ರೆಸಿಡೆಂಟ್' ಅಂದರು. ನಾನು ವಿಮಾನ ಹತ್ತಿದ್ದು ಆಗಸ್ಟ್ 30ರಂದು. ಏಪ್ರಿಲ್ 1ರಿಂದ ಎಣಿಸಿದರೆ 152 ದಿನ. ಕೆಲಸಕ್ಕೆಂದು ಹೊರಗೆ ಹೋದವರು ಆ ವರ್ಷ 'ರೆಸಿಡೆಂಟ್' ಆಗಬೇಕಾದರೆ ಭಾರತದಲ್ಲಿ ಕನಿಷ್ಠ 182 ದಿನ ಇದ್ದಿರಬೇಕು. ಕ್ಯಾಲೆಂಡರ್ ನಮ್ಮ ಕಿರಾಣಿ ಅಂಗಡಿಯವರೂ ಬಿಟ್ಟಿ ಕೊಡುತ್ತಾರೆ, ಒಂದು ತರಿಸಿಕೊಳ್ಳಿ.

ನಿಯಮ ನನಗೆ ತಿಳಿಯದಿರಲಿ, ತಿಳಿದವರು ನೋಡಿಕೊಳ್ಳಲಿ ಅಂತ ನಿಮಗೆ ಒಂದು ಲಕ್ಷ ಕೊಟ್ಟೆ. ಈಗ ನಿಮಗಿಂತ ಜಾಸ್ತಿ ನನಗೇ ಗೊತ್ತು. ನಿಮ್ಮಲ್ಲಿ ಕೆಲಸ ಖಾಲಿ ಇದ್ದರೆ ಹೇಳಿ. ಆದರೆ ಅದು ಎರಡನೇ ಕೆಲಸ ಆಗಿಬಿಡುತ್ತದೆ.

4,720ರ ಬಿಲ್ ರದ್ದು ಮಾಡಿ ಬರಹದಲ್ಲಿ ತಿಳಿಸಿ. ಮಾಡದ ಕೆಲಸಗಳ ಹಣ ವಾಪಸ್ ಕೊಡಿ. 15 ದಿನ ಸಮಯ ಇದೆ.

ಕೊಡುತ್ತೀರಿ ಅನ್ನುವ ನಂಬಿಕೆ ನನಗಿಲ್ಲ. ನಿಜ ಹೇಳಬೇಕೆಂದರೆ, ಕೊಡದಿದ್ದರೇ ನಮ್ಮ ಮನೆಯಲ್ಲಿ ಒಬ್ಬರಿಗೆ ಖುಷಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ನನಗೆ ಎರಡು ವರ್ಷ ಸಮಯ ಇದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ನನ್ನ ಪರವಾಗಿ ಬರುವವರು ನಮ್ಮ ತಂದೆ. 31 ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ರಿಟೈರ್ ಆಗಿ ಎರಡು ವರ್ಷವಾಯಿತು, ಮಾಡಲು ಕೆಲಸ ಇಲ್ಲದೆ ಮನೆಯ ಕರೆಂಟ್ ಬಿಲ್‌ಗಳಿಗೆಲ್ಲ ಫೈಲ್ ನಂಬರ್ ಹಾಕುತ್ತಿದ್ದಾರೆ. ನಾನು ನಿಮಗೆ ಹಾಕಿದ 9 ಇಮೇಲ್‌ಗಳನ್ನು ಪ್ರಿಂಟ್ ತೆಗೆಸಿ, ದಾರ ಪೋಣಿಸಿ, ಪುಟ ಸಂಖ್ಯೆ ಹಾಕಿ ಇಟ್ಟುಕೊಂಡಾಗಿದೆ. ತುರುವೇಕೆರೆಯಿಂದ ಬೆಂಗಳೂರಿಗೆ ಬೆಳಗ್ಗಿನ ಬಸ್ ಯಾವಾಗ ಅಂತ ಮೊನ್ನೆಯೇ ವಿಚಾರಿಸಿಕೊಂಡು ಬಂದಿದ್ದಾರೆ. ಪ್ರತಿ ವಿಚಾರಣೆಗೂ ಬರುತ್ತಾರೆ. ಖುದ್ದು ಬರುತ್ತಾರೆ.

ಇಂತಿ,
ಹೆರ್ ತುರುವೇಕೆರೆ

ಲಗತ್ತು: ಸ್ಟಿಕ್ಕರ್‌ನ ರಸೀದಿ, 1 ಯೂರೋ 99 ಸೆಂಟ್