ಮುಡಿ, ಗೇಣಿಚೀಟಿ ಮತ್ತು ಒಂದು ಗ್ರಂಥಾಲಯ: ಮಗಳಿಗೊಂದು ಪತ್ರ

ಮಂಗಳೂರು

ಪ್ರೀತಿಯ ಮಗಳೇ,

ದೀಪಾವಳಿಯ ರಜೆಗೆ ಊರಿಗೆ ಬಂದಾಗ ಬಂಟ್ವಾಳದ ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನು ನೋಡಬೇಕೆಂದು ನೀನು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಆದರೆ ಎರಡು ಗಂಟೆಯಲ್ಲಿ ನೋಡಿ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದೆಂಬ ನಿನ್ನ ಲೆಕ್ಕಾಚಾರವನ್ನು ನಾನು ಒಪ್ಪಲಾರೆ. ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಬಸ್ಸು ಹಿಡಿದು ಹೊರಟರೆ ಸಂಜೆಯವರೆಗೂ ಅಲ್ಲಿರುವ ತಯಾರಿಯಲ್ಲೇ ಹೋಗೋಣ. ಅಲ್ಲಿ ವಸ್ತುಸಂಗ್ರಹಾಲಯದ ಜೊತೆಗೆ ಗ್ರಂಥಾಲಯವೂ ಇದೆ. ವಸ್ತುವನ್ನು ನೋಡಿ ಅದರ ಬಗ್ಗೆ ಓದದೆ ಬಂದರೆ ಅರ್ಧ ಮಾತ್ರ ನೋಡಿದಂತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇತಿಹಾಸದ ಅಧ್ಯಾಪಕರಾಗಿದ್ದ ಪ್ರೊ. ತುಕಾರಾಮ ಪೂಜಾರಿಯವರು 1995ರಲ್ಲಿ ಸ್ಥಾಪಿಸಿದ ಕೇಂದ್ರವಿದು. ಸಾಮಾನ್ಯ ಜನರ ಮನೆ, ಗದ್ದೆ ಮತ್ತು ಕೊಟ್ಟಿಗೆಗಳಲ್ಲಿ ದಿನವೂ ಕೈಗೆ ಸಿಗುತ್ತಿದ್ದ ವಸ್ತುಗಳನ್ನು ಸಂಗ್ರಹಿಸಿಟ್ಟಿರುವುದು ಅದರ ಹೆಚ್ಚುಗಾರಿಕೆ. ತಾಮ್ರಶಾಸನ ಅಥವಾ ವಿಗ್ರಹ ಸಿಕ್ಕಿದರೆ ಯಾರಾದರೂ ಕಾಪಾಡುತ್ತಾರೆ. ಮುರಿದ ನೇಗಿಲನ್ನೂ ಸವೆದ ಸೇರನ್ನೂ ಕಾಪಾಡಬೇಕೆಂದು ಅನ್ನಿಸುವುದಕ್ಕೆ ಬೇರೆಯೇ ಕಣ್ಣು ಬೇಕು.

ಈ ಭಾಗದ ಇಂತಹ ಯಾವ ಸಂಗ್ರಹಕ್ಕೆ ಹೋದರೂ ನಾನು ಮೊದಲು ಹುಡುಕುವುದು ಅಕ್ಕಿಮುಡಿಯನ್ನು ಮತ್ತು ಅದರ ಹತ್ತಿರ ಇಡುವ ಅಳತೆಯ ಪಾತ್ರೆಗಳನ್ನು. ಮುಡಿಯನ್ನು ಹತ್ತಿರದಿಂದ ನೋಡು. ಒಣಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನದೇ ಹಗ್ಗವನ್ನು ಸುತ್ತುತ್ತಾ, ಮರದ ಕೊಡತಿಯಿಂದ ಬಡಿದು ಬಡಿದು ಗುಂಡಗೆ ಬಿಗಿಗೊಳಿಸುತ್ತಿದ್ದರು. ಒಂದು ಹಗ್ಗ ಇನ್ನೊಂದಕ್ಕೆ ಎಷ್ಟು ಒತ್ತಿಕೊಂಡಿರುತ್ತದೆಯೆಂದರೆ ನಡುವೆ ಬೆರಳ ತುದಿಯೂ ತೂರುವುದಿಲ್ಲ. ನಾಲ್ಕು ತಿಂಗಳ ಮಳೆಯಲ್ಲೂ ಒಳಗಿನ ಅಕ್ಕಿ ಕೆಡದೆ ಉಳಿಯಬೇಕಾಗಿತ್ತು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು. ಈ ಲೆಕ್ಕವನ್ನು ನನ್ನ ಅಜ್ಜಿ ಮಗ್ಗಿಯ ಹಾಗೆ ಹೇಳುತ್ತಿದ್ದರು. ಅದರ ಹಿಂದಿದ್ದ ಭಾರ ನನಗೆ ಅರ್ಥವಾದದ್ದು ಬಹಳ ತಡವಾಗಿ, ಅದೂ ಪುಸ್ತಕಗಳಿಂದ.

ಆ ಮುಡಿಗಳಲ್ಲಿ ದೊಡ್ಡ ಪಾಲು ಒಡೆಯರ ಮನೆಗೆ ಹೋಗುವ ಗೇಣಿಯಾಗಿತ್ತು. ಮೂಲಗೇಣಿಯ ಒಕ್ಕಲಿಗೆ ಭೂಮಿ ಶಾಶ್ವತ, ಗೇಣಿಯೂ ನಿಗದಿಯಾದದ್ದು. ಚಾಲಗೇಣಿಯವನಿಗೆ ಅಂತಹ ಭದ್ರತೆ ಇರಲಿಲ್ಲ. ಒಡೆಯರು ಗೇಣಿ ಏರಿಸಬಹುದಾಗಿತ್ತು, ಬಿಡಿಸಲೂಬಹುದಾಗಿತ್ತು. 1894ರಲ್ಲಿ ಮದರಾಸಿನಲ್ಲಿ ಅಚ್ಚಾದ ಜೆ. ಸ್ಟರ್ರಾಕ್ ಅವರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯಲ್ಲಿ ಈ ಎರಡು ಬಗೆಯ ಹಿಡುವಳಿಗಳ ವಿವರಣೆಯಿದೆ. ಅಂತಹ ಪುಟವನ್ನು ಓದಿದ ಮೇಲೆ ಮತ್ತೊಮ್ಮೆ ಸಂಗ್ರಹಾಲಯಕ್ಕೆ ಹೋಗಿ ಅದೇ ಕಳಸೆಯ ಮುಂದೆ ನಿಂತು ನೋಡು. ಯಾರ ಅಂಗಳದಲ್ಲಿ, ಯಾರ ಕೈಯಲ್ಲಿ ಇದರಿಂದ ಅಳೆದಿರಬಹುದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ನಿನ್ನನ್ನು ಇಡೀ ದಿನ ಅಲ್ಲಿ ಕೂರಿಸಬೇಕೆಂದು ನಾನು ಹಟ ಹಿಡಿದಿರುವುದು ಹೀಗೆ ಎರಡು ಕೋಣೆಗಳ ನಡುವೆ ಓಡಾಡುವ ಅಭ್ಯಾಸ ನಿನಗೆ ಬರಲಿ ಎಂದು.

ಅಬ್ಬಕ್ಕನ ವಿಷಯದಲ್ಲಿಯೂ ಹೀಗೆಯೇ ಮಾಡು. ನಾವು ಸಾಮಾನ್ಯವಾಗಿ ಕಾಣುವ ಚಿತ್ರಗಳಲ್ಲಿ ಉಳ್ಳಾಲದ ರಾಣಿಯ ಕೈಯಲ್ಲಿ ಆಯುಧವಿರುತ್ತದೆ, ಎದುರಿಗೆ ಪೋರ್ಚುಗೀಸರಿರುತ್ತಾರೆ. 1623ರಲ್ಲಿ ಈ ಕಡೆಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯ ಪತ್ರಗಳಲ್ಲಿ ಇನ್ನೊಂದು ನೋಟ ಸಿಗುತ್ತದೆ. ಮಾಣೇಲಿನ ಪೇಟೆಯಲ್ಲಿ ಆತ ಕಂಡ ಉಳ್ಳಾಲದ ರಾಣಿ ಬರಿಗಾಲಿನಲ್ಲಿ ನಡೆದು, ನೀರು ತರಲು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡುವುದಕ್ಕೆ ಹೊರಟಿದ್ದಳು. ಹದಿನಾರನೆಯ ಶತಮಾನದ ನಡುವಿನಿಂದ ಆತ ಬಂದ ಈ ಕಾಲದವರೆಗೆ ಹೆಸರು ಕೇಳಿಬರುವ ಅಬ್ಬಕ್ಕ ಒಬ್ಬಳೇ, ಅಥವಾ ಒಬ್ಬರಿಗಿಂತ ಹೆಚ್ಚು ರಾಣಿಯರೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇದೆ. ಯಾವ ಪಕ್ಷ ಸರಿಯೆಂದು ತೀರ್ಮಾನಿಸುವ ಅವಸರ ನಿನಗೆ ಬೇಡ. ನನಗಂತೂ ಕಾಲುವೆ ನೋಡಲು ಹೊರಟ ರಾಣಿಯ ಮೇಲೆ ಯುದ್ಧದ ರಾಣಿಯಷ್ಟೇ ಗೌರವ.

ನಮ್ಮ ಜಿಲ್ಲೆಯ ಕಾಗದಪತ್ರಗಳು ಒಂದೇ ಕಡೆ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಎಂದು ಕರೆಯುತ್ತಿದ್ದ ನಮ್ಮ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಉತ್ತರ ಭಾಗ 1862ರಲ್ಲಿ ಮುಂಬಯಿಗೆ ಹೋಯಿತು. ದಕ್ಷಿಣ ಭಾಗ 1956ರವರೆಗೆ ಮದರಾಸಿನಲ್ಲಿ ಉಳಿಯಿತು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ನಮ್ಮೂರಿನ ದಾಖಲೆ ಚೆನ್ನೈಯಲ್ಲಿರಬಹುದು, ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯಲ್ಲಿರಬಹುದು, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲೂ ಇರಬಹುದು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರಡಿಸಿದ, ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲಿ ಅಚ್ಚಾದದ್ದು ಆ ಬಾಸೆಲ್‌ನಿಂದ ಬಂದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿಯೇ. ಆ ಮಿಷನ್ನಿನ ಇಲ್ಲಿಯ ಸಂಗ್ರಹ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿದೆ; ಮುಂದಿನ ರಜೆಗೆ ಅಲ್ಲಿಗೂ ಹೋಗಬಹುದು.

ಇನ್ನು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ವಿಷಯ. ನಮ್ಮ ಕುಟುಂಬದ ಮೂಲಮನೆಯಾದ ತರವಾಡು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಕಾಗದದ ಕಟ್ಟನ್ನು ನೀನು ನೋಡಿದ್ದೀಯಲ್ಲ? ಅದರಲ್ಲಿ ಗೇಣಿಚೀಟಿಗಳಿವೆ. ‘ಇಷ್ಟು ಮುಡಿ ಸಂದಾಯವಾಗಿದೆ’ ಎಂಬ ಒಂದೆರಡು ಸಾಲು, ಕೆಳಗೆ ಒಂದು ರುಜು. ಚೀಟಿಗಳಲ್ಲಿ ನನ್ನ ಅಜ್ಜನ ಹೆಸರಿಲ್ಲ, ಅಜ್ಜಿಯ ಸೋದರಮಾವನ ಹೆಸರಿದೆ. ಅಳಿಯಕಟ್ಟಿನ ಕುಟುಂಬದಲ್ಲಿ ಒಕ್ಕಲುತನ ಹೆಣ್ಣಿನ ಕಡೆಯಿಂದ ಇಳಿದು ಬಂದುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ನಮ್ಮಲ್ಲಿ ಬೇರೆ ಇಲ್ಲ. ಉಳುವವನಿಗೇ ಭೂಮಿ ಎಂಬ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಒಕ್ಕಲಿನ ಹಕ್ಕಿಗಾಗಿ ಡಿಕ್ಲರೇಶನ್ ಕೊಟ್ಟಾಗ, ಗದ್ದೆ ಉಳುತ್ತಿದ್ದವರು ನಾವೇ ಎಂದು ತೋರಿಸಲು ಮನೆಯವರು ಮುಂದಿಟ್ಟದ್ದು ಇವೇ ಚೀಟಿಗಳನ್ನು. ಭೂಮಿ ನಮ್ಮ ಹೆಸರಿಗಾದ ಮೇಲೆ ಅವುಗಳನ್ನು ಯಾರೂ ಬಿಚ್ಚಿ ನೋಡಿಲ್ಲ. ಈಗ ಕೆಲವಕ್ಕೆ ಬೆಳ್ಳಿಹುಳ ಹಿಡಿದಿದೆ, ಗುಂಡುಸೂಜಿ ಚುಚ್ಚಿದ ಜಾಗದಲ್ಲಿ ತುಕ್ಕು ಕಾಗದವನ್ನು ತಿಂದಿದೆ.

ಇವುಗಳನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬುದು ನನ್ನ ಆಸೆ. ಒಂದೇ ಮನೆಯ ಚೀಟಿ ಒಂದು ಕುಟುಂಬದ ನೆನಪು ಮಾತ್ರ. ಹತ್ತಾರು ಮನೆಗಳ ಚೀಟಿ ಒಂದು ಕಡೆ ಸೇರಿದರೆ, ಯಾವ ಗ್ರಾಮದಲ್ಲಿ ಯಾವ ವರ್ಷ ಗೇಣಿ ಎಷ್ಟಿತ್ತು, ಬರಗಾಲದಲ್ಲಿ ಒಡೆಯರು ಬಿಟ್ಟುಕೊಟ್ಟರೇ ಇಲ್ಲವೇ ಎಂದು ಸಂಶೋಧಕರು ಕಂಡುಕೊಳ್ಳಬಹುದು. ನಮ್ಮ ಭಾಗದ ಚರಿತ್ರೆಯಲ್ಲಿ ಅರಸರ ಹೆಸರುಗಳಿಗೆ ಕೊರತೆಯಿಲ್ಲ. ಅಕ್ಕಿ ಹೊತ್ತವರ ಹೆಸರುಗಳು ಇಂತಹ ಪೆಟ್ಟಿಗೆಗಳಲ್ಲಿವೆ. ಚೀಟಿಗಳು ಮನೆಯಲ್ಲೇ ಇರಲಿ ಎಂದು ನಿನ್ನ ಮಾವನಿಗೆ ಅನ್ನಿಸಿದರೆ ಅದೂ ತಪ್ಪಲ್ಲ, ಆಗ ಪ್ರತಿ ತೆಗೆಸಿ ಕೊಡೋಣ. ಆದರೆ ನಿರ್ಧಾರ ಮಾಡುವ ಮೊದಲು ನೀನು ಅವುಗಳನ್ನು ಓದಬೇಕು.

ಅಲ್ಲಿಯವರೆಗೆ ಯಾರೂ ಅವಕ್ಕೆ ಸೆಲ್ಲೋಟೇಪು ಅಂಟಿಸದಂತೆ, ಲ್ಯಾಮಿನೇಶನ್ ಮಾಡಿಸದಂತೆ ಹೇಳಿದ್ದೇನೆ. ಟೇಪಿನ ಅಂಟು ಕಾಗದಕ್ಕೆ ಇಳಿದು ಹಳದಿಯಾಗುತ್ತದೆ, ಲ್ಯಾಮಿನೇಶನ್ ಮಾಡಿದ್ದನ್ನು ಹಾಳಾಗದಂತೆ ಬಿಡಿಸಲಾಗದು. ನೀನು ಬರುವಾಗ ಒಂದು ನೋಟುಪುಸ್ತಕ ಮತ್ತು ಪೆನ್ಸಿಲ್ ತಾ; ಹಳೆಯ ಕಾಗದದ ಹತ್ತಿರ ಶಾಯಿಯ ಪೆನ್ನು ಬೇಡ. ಗುಂಡುಸೂಜಿಗಳನ್ನು ನಾವಿಬ್ಬರೂ ಕುಳಿತು ಮೆಲ್ಲಗೆ ತೆಗೆದು, ಓದಲು ಬರುವ ಚೀಟಿಗಳ ವರ್ಷ, ಹೆಸರು ಮತ್ತು ಮುಡಿಯ ಲೆಕ್ಕವನ್ನು ಪಟ್ಟಿ ಮಾಡೋಣ. ಆ ಪಟ್ಟಿ ಹಿಡಿದು ಹೋದರೆ ಗ್ರಂಥಾಲಯದವರಲ್ಲಿ ಏನು ಕೇಳಬೇಕೆಂಬುದೂ ನಮಗೆ ತಿಳಿದಿರುತ್ತದೆ. ರಜೆಯ ದಿನಗಳಲ್ಲಿ ಕೇಂದ್ರ ತೆರೆದಿರುತ್ತದೆಯೇ ಎಂದು ನಾನು ಈ ವಾರ ವಿಚಾರಿಸಿಡುತ್ತೇನೆ. ನಿನ್ನ ಟಿಕೇಟು ಯಾವ ದಿನಕ್ಕೆ ಆಯಿತೆಂದು ಬರೆ.

ನಿನ್ನ ಪ್ರೀತಿಯ
ಅಮ್ಮ