ಅಪ್ಪನ ಪುಸ್ತಕದ ಮೊದಲ ಪುಟಕ್ಕೆ

ಮಾಂಟೆವಿಡಿಯೊ, ಉರುಗ್ವೆ
ಜುಲೈ 19

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಅಲ್ಲಿ ನೀವು, ಅಮ್ಮ, ತಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಆಲ್ದೂರಿನಲ್ಲಿ ಹಿಡಿದ ಮಳೆ ಬಿಟ್ಟಿಲ್ಲವೆಂದೂ, ತೋಟದಲ್ಲಿ ಕಾಯಿ ಉದುರಲು ಶುರುವಾಗಿದೆಯೆಂದೂ ಅಮ್ಮ ಫೋನಿನಲ್ಲಿ ಹೇಳಿದರು. ಭೂಮಧ್ಯರೇಖೆಯ ಆಚೆ ಇರುವ ಈ ಊರಿನಲ್ಲಿ ಜುಲೈ ಎಂದರೆ ನಡುಚಳಿಗಾಲ. ನದಿಯ ಕಡೆಯಿಂದ ಬೀಸುವ ಗಾಳಿಗೆ ಕೈ ಮರಗಟ್ಟುತ್ತದೆ. ಜನರು ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು, ಸೋರೆ ಬುರುಡೆಯಲ್ಲಿ ನೆನೆಸಿದ ಸೊಪ್ಪಿನ ಕಷಾಯವನ್ನು ಹೀರುತ್ತ ನಡೆಯುತ್ತಾರೆ. ಅದರ ಹೆಸರು ‘ಮಾತೆ’. ನಮ್ಮ ಕನ್ನಡದ ಮಾತೆಯಂತೆಯೇ ಉಚ್ಚಾರಣೆ. ಅಮ್ಮ ಕಟ್ಟಿ ಕಳುಹಿಸಿದ ಕಾಫಿಪುಡಿ ಇರುವವರೆಗೆ ನನಗೆ ಅದರ ಅಗತ್ಯ ಬಿದ್ದಿಲ್ಲ.

ಫೋನಿನಲ್ಲಿ ಹೇಳಿದ್ದು ಪುಸ್ತಕಕ್ಕೆ ಏರುವುದಿಲ್ಲ, ಬರೆದು ಕಳುಹಿಸಿದರೆ ಮಾತ್ರ ಏರುತ್ತದೆ ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ಆದ್ದರಿಂದಲೇ ಈ ಪತ್ರ. ಡ್ರಿಲ್ ಮೇಷ್ಟ್ರಾಗಿದ್ದ ಕಾಲದಿಂದ ನೀವು ಕೆಂಪು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ವಿಶ್ವಕಪ್ ಫುಟ್‌ಬಾಲಿನ ವಿಚಿತ್ರ ದಾಖಲೆಗಳನ್ನು ಬರೆದಿಟ್ಟಿದ್ದೀರಲ್ಲ, ಅದರ ಮೊದಲ ಪುಟ 1930ರಲ್ಲಿ ಇದೇ ಮಾಂಟೆವಿಡಿಯೊದಲ್ಲಿ ನಡೆದ ಮೊದಲ ವಿಶ್ವಕಪ್ಪಿನದ್ದು. ಆ ಪುಟದ ಊರಿನಲ್ಲಿಯೇ ನನಗೆ ಕೆಲಸ ಸಿಕ್ಕಿತೆಂದು ತಿಳಿದ ದಿನ ನೀವು ಸಂಬಳ ಎಷ್ಟೆಂದು ಕೇಳಲಿಲ್ಲ, ಮೊದಲ ಗೋಲು ಬಿದ್ದ ಜಾಗವನ್ನು ನೋಡಿಕೊಂಡು ಬಾ ಎಂದಿರಿ. ಕಳೆದ ಭಾನುವಾರ ನೋಡಿಕೊಂಡು ಬಂದೆ.

ಅಲ್ಲಿ ಈಗ ಮೈದಾನವೇ ಇಲ್ಲ, ಅಪ್ಪ. ಪೊಸಿಟೋಸ್ ಎಂಬ ಬಡಾವಣೆಯಲ್ಲಿದ್ದ ಆ ಅಂಗಣ ಎಷ್ಟೋ ವರ್ಷಗಳ ಹಿಂದೆಯೇ ಅಳಿದುಹೋಗಿ, ಅದರ ಮೇಲೆ ಮನೆಗಳೂ ರಸ್ತೆಗಳೂ ಎದ್ದಿವೆ. ಆದರೆ ಈ ಊರಿನವರು ಹಳೆಯ ನಕ್ಷೆಗಳನ್ನು ಹುಡುಕಿ, ಅಳತೆ ಮಾಡಿ, ಗೋಲುಕಂಬಗಳು ನಿಂತಿದ್ದ ಜಾಗದಲ್ಲಿ ಒಂದು ಮತ್ತು ಅಂಗಣದ ನಡುಬಿಂದುವಿನಲ್ಲಿ ಇನ್ನೊಂದು ಗುರುತನ್ನು ನಿಲ್ಲಿಸಿದ್ದಾರೆ. 1930ರ ಜುಲೈ 13ರಂದು ಫ್ರಾನ್ಸಿನ ಲೂಸಿಯಾನ್ ಲೊರಾನ್ ಎಂಬಾತ ಮೆಕ್ಸಿಕೊ ವಿರುದ್ಧ ಪಂದ್ಯದ 19ನೆಯ ನಿಮಿಷದಲ್ಲಿ ವಿಶ್ವಕಪ್ಪಿನ ಮೊಟ್ಟಮೊದಲ ಗೋಲು ಹೊಡೆದದ್ದು ಅಲ್ಲಿಯೇ. ಅದು ಚರಿತ್ರೆಯಾಗುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ, ಒಬ್ಬರಿಗೊಬ್ಬರು ಕೈಕುಲುಕಿ ಆಟ ಮುಂದುವರಿಸಿದೆವು ಎಂಬುದಾಗಿ ಆತ ಮುಂದೆ ನೆನಪಿಸಿಕೊಂಡಿದ್ದಾನೆ. ಫ್ರಾನ್ಸ್ 1998ರಲ್ಲಿ ಕಪ್ ಗೆದ್ದಾಗ ಆ 1930ರ ತಂಡದಲ್ಲಿ ಬದುಕಿದ್ದವನು ಆತನೊಬ್ಬನೇ. ಅದೇ ಪಂದ್ಯದಲ್ಲಿ ಫ್ರಾನ್ಸಿನ ಗೋಲ್‌ಕೀಪರ್ ಪೆಟ್ಟು ತಿಂದು ಹೊರನಡೆದನು. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇಲ್ಲದ್ದರಿಂದ ಶಾಂಟ್ರೆಲ್ ಎಂಬ ಹಾಫ್‌ಬ್ಯಾಕ್ ಆಟಗಾರನೇ ಗೋಲು ಕಾಯಬೇಕಾಯಿತು, ಆದರೂ ಫ್ರಾನ್ಸ್ 4–1ರಿಂದ ಗೆದ್ದಿತು. ಆ ಗುರುತಿನ ಪಕ್ಕ ನಿಂತು ಮೇಲೆ ನೋಡಿದರೆ ಯಾರದೋ ಮನೆಯ ಕಿಟಕಿ, ಒಣಹಾಕಿದ ಬಟ್ಟೆ. ನಾನು ಬಹಳ ಹೊತ್ತು ನಿಂತಿದ್ದೆ.

ಉರುಗ್ವೆಯ ಜನಸಂಖ್ಯೆ ಸುಮಾರು 35 ಲಕ್ಷ. 2011ರ ಜನಗಣತಿಯ ಪ್ರಕಾರ ನಮ್ಮ ಚಿಕ್ಕಮಗಳೂರು, ಹಾಸನ, ಕೊಡಗು ಮೂರೂ ಜಿಲ್ಲೆಗಳನ್ನು ಕೂಡಿಸಿದರೆ ಬರುವಷ್ಟು. 1930ರಲ್ಲಿ ಇಲ್ಲಿ 20 ಲಕ್ಷ ಜನರೂ ಇರಲಿಲ್ಲ. ಅಂಥ ನಾಡು ಎರಡು ಬಾರಿ ವಿಶ್ವಕಪ್ ಗೆದ್ದಿದೆ. ಇವರ ಅಂಗಿಯ ಮೇಲೆ ನಾಲ್ಕು ನಕ್ಷತ್ರಗಳೇಕೆ ಎಂದು ನೀವು ಪುಸ್ತಕದ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಿರಿ. 1924 ಮತ್ತು 1928ರ ಒಲಿಂಪಿಕ್ಸ್ ಫುಟ್‌ಬಾಲ್ ವಿಜಯಗಳನ್ನೂ ಇವರು ವಿಶ್ವಪ್ರಶಸ್ತಿಗಳೆಂದೇ ಎಣಿಸುತ್ತಾರೆ, ಆದ್ದರಿಂದ ನಾಲ್ಕು. ಆ ಚಿಹ್ನೆಯನ್ನು ಇನ್ನು ಅಳಿಸಬಹುದು.

ಆ ಪಂದ್ಯಾವಳಿಗಾಗಿ ಕಟ್ಟಿದ ಸೆಂಟೆನಾರಿಯೊ ಕ್ರೀಡಾಂಗಣ ಮಳೆಯಿಂದಾಗಿ ಹೊತ್ತಿಗೆ ಸಿದ್ಧವಾಗದೆ, ಮೊದಲ ಪಂದ್ಯಗಳನ್ನು ಊರಿನ ಕ್ಲಬ್ಬುಗಳ ಮೈದಾನಗಳಲ್ಲಿ ಆಡಿಸಿದರು. ಉರುಗ್ವೆಯ ಮೊದಲ ಸಂವಿಧಾನಕ್ಕೆ ನೂರು ವರ್ಷ ತುಂಬಿದ ಜುಲೈ 18ರಂದು ಅದರ ಬಾಗಿಲು ತೆರೆಯಿತು. ಅಲ್ಲಿ ಮೊದಲ ಗೋಲು ಹೊಡೆದವನು ಹೆಕ್ಟರ್ ಕಾಸ್ಟ್ರೊ. ಈತನ ಬಗ್ಗೆ ನಿಮ್ಮ ಪುಸ್ತಕದಲ್ಲಿ ‘ಒಂಟಿಗೈಯವನು’ ಎಂಬ ಒಂದೇ ಪದವಿದೆ. ಇನ್ನಷ್ಟು ಬರೆಯಬೇಕಾದ ಮನುಷ್ಯ. 13ನೆಯ ವಯಸ್ಸಿನಲ್ಲಿ ವಿದ್ಯುತ್ ಗರಗಸಕ್ಕೆ ಸಿಕ್ಕಿ ಬಲಗೈಯ ಮುಂಗೈಯನ್ನು ಕಳೆದುಕೊಂಡ ಆ ಹುಡುಗ, ಅದೇ ಜುಲೈ 30ರಂದು ಅರ್ಜೆಂಟೀನಾ ವಿರುದ್ಧದ ಅಂತಿಮ ಪಂದ್ಯದಲ್ಲಿ ಕೊನೆಯ ಗೋಲನ್ನೂ ಹೊಡೆದನು. ಆ ಅಂತಿಮ ಪಂದ್ಯಕ್ಕೆ ಯಾರ ಚೆಂಡು ಬಳಸಬೇಕೆಂದು ಜಗಳವಾಗಿ, ಪೂರ್ವಾರ್ಧ ಅರ್ಜೆಂಟೀನಾದ ಚೆಂಡಿನಲ್ಲಿ, ಉತ್ತರಾರ್ಧ ಉರುಗ್ವೆಯ ಚೆಂಡಿನಲ್ಲಿ ಆಡಬೇಕೆಂದು ತೀರ್ಮಾನವಾಯಿತು. ತನ್ನ ಚೆಂಡು ಇರುವವರೆಗೆ ಅರ್ಜೆಂಟೀನಾ 2–1ರಿಂದ ಮುಂದಿತ್ತು. ಚೆಂಡು ಬದಲಾದ ಮೇಲೆ ಉರುಗ್ವೆ 4–2ರಿಂದ ಗೆದ್ದಿತು. ನಮ್ಮ ಗದ್ದೆಬಯಲಿನ ಪಂದ್ಯಗಳಲ್ಲಿ ಚೆಂಡು ತಂದವನ ಮಾತೇ ನಡೆಯುತ್ತಿತ್ತಲ್ಲ, ಅದು ನೆನಪಾಯಿತು.

ಬೊಲಿವಿಯಾದ ಹನ್ನೊಂದು ಆಟಗಾರರು ಎದೆಯ ಮೇಲೆ ಒಂದೊಂದು ಅಕ್ಷರ ಧರಿಸಿ ಸಾಲಾಗಿ ನಿಂತು, ಆತಿಥೇಯರಿಗಾಗಿ ‘ವೀವಾ ಉರುಗ್ವೆ’ ಎಂದು ಓದಿಸಿದ ಚಿತ್ರವನ್ನು ತಮ್ಮನ ಫೋನಿಗೆ ಕಳುಹಿಸಿದ್ದೇನೆ. ಇವರ ಲಿಪಿಯಲ್ಲಿ ಆ ಘೋಷಣೆಗೆ ಸರಿಯಾಗಿ ಹನ್ನೊಂದು ಅಕ್ಷರಗಳಿವೆ. ಅರ್ಜೆಂಟೀನಾ ಮತ್ತು ಫ್ರಾನ್ಸ್ ಪಂದ್ಯವನ್ನು ರೆಫರಿ ಆರು ನಿಮಿಷ ಮೊದಲೇ ಮುಗಿಸಿ, ತಪ್ಪು ತಿಳಿದ ಮೇಲೆ ಆಟಗಾರರನ್ನು ಮತ್ತೆ ಮೈದಾನಕ್ಕೆ ಕರೆಸಿ ಆಡಿಸಿದ ಪ್ರಸಂಗ ನಿಮ್ಮ ಪುಸ್ತಕದಲ್ಲಿ ಸರಿಯಾಗಿಯೇ ಇದೆ.

ಇನ್ನು ತಿದ್ದುಪಡಿಗಳು. ಮೊದಲ ಪುಟದಲ್ಲಿ ‘ಮೊದಲ ಹ್ಯಾಟ್ರಿಕ್: ಸ್ಟಾಬಿಲೆ, ಅರ್ಜೆಂಟೀನಾ’ ಎಂದಿದೆ. ನೀವು ಬರೆದಾಗ ಎಲ್ಲರೂ ಹಾಗೆಯೇ ಬರೆಯುತ್ತಿದ್ದರು. ಆದರೆ ಅಮೆರಿಕದ ಬರ್ಟ್ ಪೇಟನಾಡ್ ಅದಕ್ಕೂ ಎರಡು ದಿನ ಮೊದಲು, ಜುಲೈ 17ರಂದು ಪರಾಗ್ವೆ ವಿರುದ್ಧ ಮೂರು ಗೋಲು ಹೊಡೆದಿದ್ದನು. ಆತನ ಒಂದು ಗೋಲು ಬೇರೆಯವರ ಲೆಕ್ಕಕ್ಕೆ ಸೇರಿಹೋಗಿತ್ತು. ಫಿಫಾ ಆ ತಪ್ಪನ್ನು 2006ರಲ್ಲಿ ತಿದ್ದಿತು. ಪಂದ್ಯ ಮುಗಿದು 76 ವರ್ಷಗಳಾಗಿದ್ದವು, ಪೇಟನಾಡ್ ಆಗ ಬದುಕಿರಲಿಲ್ಲ. ಸ್ಟಾಬಿಲೆಯ ಹೆಸರನ್ನು ದಯವಿಟ್ಟು ಪೂರ್ತಿ ಹೊಡೆದುಹಾಕಬೇಡಿ. ತಂಡದ ನಾಯಕ ಫೆರೈರಾ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯಲು ಊರಿಗೆ ಹೋದದ್ದರಿಂದ ಆತನಿಗೆ ಆಡುವ ಅವಕಾಶ ಒದಗಿತು. ನಾಲ್ಕು ಪಂದ್ಯಗಳಲ್ಲಿ 8 ಗೋಲು ಹೊಡೆದು ಪಂದ್ಯಾವಳಿಯಲ್ಲಿ ಮೊದಲಿಗನಾದನು, ಅದಾದ ಮೇಲೆ ಮತ್ತೆಂದೂ ಆತ ದೇಶಕ್ಕಾಗಿ ಆಡಲಿಲ್ಲ. ಆಟವಿದ್ದರೂ ಪರೀಕ್ಷೆ ತಪ್ಪಿಸಬಾರದೆಂದು ಹುಡುಗರಿಗೆ ಹೇಳುತ್ತಿದ್ದವರು ನೀವು, ಆ ನಾಯಕನ ಹೆಸರನ್ನೂ ಸೇರಿಸಿಕೊಳ್ಳಿ.

1950ರ ಪುಟಕ್ಕೂ ಎರಡು ವಿಷಯಗಳಿವೆ. ಆ ವರ್ಷ ಅಂತಿಮ ಪಂದ್ಯವೆಂಬುದೇ ಇರಲಿಲ್ಲ. ನಾಲ್ಕು ತಂಡಗಳ ಕೊನೆಯ ಸುತ್ತಿನಲ್ಲಿ ಜುಲೈ 16ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲಿಗೆ ಡ್ರಾ ಸಾಕಿತ್ತು. ಟಿಕೆಟ್ ಕೊಂಡು ಬಂದವರೇ 1,73,850 ಮಂದಿ. ಬ್ರೆಜಿಲ್ ಮೊದಲು ಗೋಲು ಹೊಡೆದಾಗ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ರೆಫರಿಯೊಡನೆ ವಾದಕ್ಕೆ ನಿಂತನು. ಆ ಮಹಾಜನಸಾಗರದ ಆರ್ಭಟ ಇಳಿಯುವವರೆಗೆ ಆಟ ಶುರುವಾಗಲು ಬಿಡಲಿಲ್ಲ. ಆಮೇಲೆ ಸ್ಕಿಯಾಫಿನೊ ಒಂದು, ಗಿಜಿಯಾ ಒಂದು ಗೋಲು ಹೊಡೆದು ಉರುಗ್ವೆ 2–1ರಿಂದ ಕಪ್ ಎತ್ತಿತು. ಅಂದಿನ ಆಟಗಾರರಲ್ಲಿ ಕೊನೆಯವರೆಗೆ ಬದುಕಿದ್ದವನು ಗಿಜಿಯಾ. ಆತ ತೀರಿಕೊಂಡದ್ದು 2015ರ ಜುಲೈ 16ರಂದು, ಆ ಗೋಲಿಗೆ ಸರಿಯಾಗಿ 65 ವರ್ಷ ತುಂಬಿದ ದಿನ. ಸೋತ ಬ್ರೆಜಿಲ್ ತನ್ನ ಬಿಳಿಯ ಅಂಗಿಯನ್ನೇ ಕೈಬಿಟ್ಟಿತು. ಹೊಸ ಅಂಗಿಗಾಗಿ ಪತ್ರಿಕೆಯೊಂದು ಏರ್ಪಡಿಸಿದ ಸ್ಪರ್ಧೆಯಲ್ಲಿ ಗೆದ್ದು, ಇಂದು ಲೋಕವೆಲ್ಲ ಬಲ್ಲ ಹಳದಿ ಅಂಗಿಯನ್ನು ರೂಪಿಸಿದ ಶ್ಲೇ ಎಂಬ ಯುವಕ ಉರುಗ್ವೆಯ ಗಡಿಗೆ ತಾಗಿದ ಬ್ರೆಜಿಲ್ ಊರಿನವನು, ಆದರೂ ಉರುಗ್ವೆ ತಂಡದ ಅಭಿಮಾನಿ.

ಇನ್ನೊಂದು ವಿಷಯ ಬರೆಯಲು ನನಗೆ ಮನಸ್ಸು ಹಿಂಜರಿಯುತ್ತದೆ. ‘ಬರಿಗಾಲಿನಲ್ಲಿ ಆಡಲು ಬಿಡದ ಕಾರಣ ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲ’ ಎಂದು ನೀವು ಬರೆದಿದ್ದೀರಿ, ಪ್ರತಿ ವರ್ಷವೂ ಹೊಸ ಹುಡುಗರಿಗೆ ಹೇಳಿದ್ದೀರಿ. ಬೂಟಿಲ್ಲದೆ ಅವಕಾಶ ತಪ್ಪಬಾರದೆಂದು ನಿಮ್ಮ ಸಂಬಳದಲ್ಲಿಯೇ ಮಕ್ಕಳಿಗೆ ಕ್ಯಾನ್ವಾಸ್ ಬೂಟು ಕೊಡಿಸುತ್ತಿದ್ದಿರಿ. ಆ ತಿಂಗಳುಗಳಲ್ಲಿ ಅಮ್ಮ ದಿನಸಿ ಅಂಗಡಿಯಲ್ಲಿ ಕಡ ಹೇಳಿಬರುತ್ತಿದ್ದುದು ನನಗೆ ನೆನಪಿದೆ.

ಆದರೆ ಆ ಕಾರಣ ಸರಿಯಲ್ಲ, ಅಪ್ಪ. ಏಷ್ಯಾದ ಗುಂಪಿನಲ್ಲಿ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಭಾರತ ಒಂದೂ ಪಂದ್ಯ ಆಡದೆ ಅರ್ಹತೆ ಪಡೆಯಿತು. ಇಟಲಿ, ಸ್ವೀಡನ್, ಪರಾಗ್ವೆಗಳ ಗುಂಪಿನಲ್ಲಿ ನಮ್ಮ ಹೆಸರೂ ಬಿದ್ದಿತ್ತು. ಪ್ರಯಾಣದ ಖರ್ಚಿನ ಬಹುಪಾಲನ್ನು ಭರಿಸಲು ಬ್ರೆಜಿಲ್ ಒಪ್ಪಿತ್ತು. ತಂಡದ ಆಯ್ಕೆಯ ಬಗೆಗಿನ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದೆಂಬುದು ನಮ್ಮ ಫೆಡರೇಶನ್ ಅಂದು ಕೊಟ್ಟ ಕಾರಣಗಳು. ನಮಗೆ ಆಗ ಒಲಿಂಪಿಕ್ಸೇ ಸರ್ವಸ್ವವಾಗಿತ್ತು, ವಿಶ್ವಕಪ್ಪಿನ ಮಹತ್ವ ತಿಳಿದಿರಲಿಲ್ಲ ಎಂಬುದಾಗಿ ಅಂದಿನ ಭಾರತ ತಂಡದ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದಾರೆ. ಹೀಗೆ ಆಡದೆ ಒಳಬಂದು ಆಡದೆ ಹೊರನಡೆದದ್ದೇ ವಿಶ್ವಕಪ್ಪಿನಲ್ಲಿ ನಮ್ಮ ದಾಖಲೆ.

ಬರಿಗಾಲಿನ ಕಥೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದರ ವರ್ಷ ಮತ್ತು ಊರು ಬೇರೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಹೆಚ್ಚಿನಂಶ ಬರಿಗಾಲಿನಲ್ಲಿಯೇ ಆಡಿ, ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ, ಫ್ರಾನ್ಸಿಗೆ 2–1ರಿಂದ ಸೋತರು. ಆ ಒಂದು ಗೋಲು ನಮ್ಮ ಬೆಂಗಳೂರಿನ ರಾಮನ್ ಅವರದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋದವರಲ್ಲಿಯೂ ಬರಿಗಾಲಿನವರಿದ್ದರು. 1950ರಲ್ಲಿ ಬರಿಗಾಲೇ ಅಡ್ಡಿಯಾಗಿದ್ದರೆ 1952ರಲ್ಲಿ ಅವರು ಹಾಗೆ ಆಡಿದ್ದು ಹೇಗೆ ಎಂಬ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡ ಪುರಾವೆಯಾಗಿ ಕಂಡಿತು. ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ಸೋಲಿಸಿತು. ನಮ್ಮ ಏಕೈಕ ಗೋಲು ಮತ್ತೆ ಬೆಂಗಳೂರಿನವರದೇ, ಅಹ್ಮದ್ ಖಾನ್ ಅವರದು. ಅಲ್ಲಿಂದ ಬಂದ ಮೇಲೆಯೇ ನಮ್ಮಲ್ಲಿ ಬೂಟು ಕಡ್ಡಾಯವಾದದ್ದು. ನಾಲ್ಕೇ ವರ್ಷಗಳಲ್ಲಿ, 1956ರ ಮೆಲ್ಬರ್ನಿನಲ್ಲಿ, ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಆ ಪಂದ್ಯದಲ್ಲಿ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ನೀವು ಕೊಡಿಸಿದ ಬೂಟುಗಳ ಕಾರಣ ಹೆಲ್ಸಿಂಕಿಯಲ್ಲಿದೆ, ರಿಯೊದಲ್ಲಿಲ್ಲ. 1950ರ ಪುಟದಿಂದ ಆ ಸಾಲನ್ನು ತೆಗೆದು 1952ರ ಪುಟಕ್ಕೆ ಸೇರಿಸಬೇಕಷ್ಟೆ.

2030ರಲ್ಲಿ ವಿಶ್ವಕಪ್ಪಿಗೆ ನೂರು ವರ್ಷ ತುಂಬುತ್ತದೆ. ಪಂದ್ಯಾವಳಿ ಮೊರಾಕ್ಕೊ, ಸ್ಪೇನ್, ಪೋರ್ಚುಗಲ್‌ಗಳಲ್ಲಿ ನಡೆದರೂ, ಶತಮಾನದ ನೆನಪಿಗಾಗಿ ಒಂದು ಪಂದ್ಯವನ್ನು ಈ ಸೆಂಟೆನಾರಿಯೊದಲ್ಲಿ ಆಡಿಸುವುದೆಂದು ಗೊತ್ತುಮಾಡಿದ್ದಾರೆ. ನಾನು ಅಷ್ಟರವರೆಗೆ ಇಲ್ಲಿಯೇ ಇದ್ದರೆ ನೀವೂ ಅಮ್ಮನೂ ಬರಲೇಬೇಕು. ತಮ್ಮನಿಗೆ ಹೇಳಿ ಇಬ್ಬರ ಪಾಸ್‌ಪೋರ್ಟಿಗೂ ಈ ಮಳೆಗಾಲದಲ್ಲಿಯೇ ಅರ್ಜಿ ಹಾಕಿಸಿ. ಜೊತೆಗಿಟ್ಟಿರುವ ಎರಡು ಫೋಟೋಗಳಲ್ಲಿ ಗೋಲುಕಂಬದ ಗುರುತಿನದ್ದನ್ನು ಮೊದಲ ಪುಟಕ್ಕೆ ಅಂಟಿಸಿ. ಇನ್ನೊಂದು ನನ್ನದು, ಅಮ್ಮನಿಗೆ ಕೊಡಿ.

ಇತಿ ನಿಮ್ಮ ಪ್ರೀತಿಯ ಮಗಳು